ಎಲ್ಲ ಸರಿಯಿದ್ದ ಫೈಲು

ನಮ್ಮ ಕಡೆ ಮನೆ ಕಟ್ಟಲು ಹೊರಟವರನ್ನು ಯಾರೂ ನಂಬುವುದಿಲ್ಲ. ಹೊರಟವರೂ ಯಾರನ್ನೂ ನಂಬುವುದಿಲ್ಲ. ಹಾಗಾಗಿ ಮನೆ ಕಟ್ಟಿದ ಯಾರನ್ನು ಕೇಳಿದರೂ ಇಂಥ ನಾಲ್ಕು ಪ್ರಸಂಗ ಸಿಗುತ್ತವೆ. ನಮ್ಮ ಮನೆ ಇನ್ನೂ ಪಾಯಕ್ಕೆ ಬರುವ ಮೊದಲೇ ಅದಕ್ಕಿಂತ ಹೆಚ್ಚು ಸಿಕ್ಕಿದವು.

ಶಿರಸಿಯಲ್ಲಿ, ಎಕ್ಕಂಬಿಗೆ ಹೋಗುವ ರಸ್ತೆಯ ಬದಿ ನಮ್ಮದೊಂದು ಸೈಟಿದೆ. ಅಪ್ಪ, ಆಯಿ ಮತ್ತು ನಾನು ಇರುವುದು ಬಾಡಿಗೆ ಮನೆಯಲ್ಲಿ. ಅದರ ಮಾಲೀಕರು ಒಂದು ವರ್ಷದೊಳಗೆ ಖಾಲಿ ಮಾಡಿ ಎಂದರು. ಒಳ್ಳೆಯ ಗೌಂಡಿಯೊಬ್ಬ ಸಿಕ್ಕಿದ. ಅವನು ಹಿಂದೊಮ್ಮೆ ಪರವಾನಗಿ ಇಲ್ಲದ ಗೋಡೆ ಕಟ್ಟಿ, ತಾನು ಕಟ್ಟಿದ್ದನ್ನು ತಾನೇ ಕೆಡವಿದವನು.

"ಕಾಗದ ಕಣ್ಣಲ್ಲಿ ನೋಡದೆ ನಾ ಕಲ್ಲು ಇಡೂದಿಲ್ಲ" ಎಂದ. "ಯುಗಾದಿಯೊಳಗೆ ತೋರ್ಸಿದ್ರೆ ನಿಮ್ಮ ಕೆಲಸ. ಇಲ್ದಿದ್ರೆ ನಿಲ್ಕುಂದದಲ್ಲಿ ಒಂದು ಮನೆ ಕಾಯ್ತಾ ಇದೆ."

ಯುಗಾದಿ ತಪ್ಪಿದರೆ ಮಳೆಗೆ ಮೊದಲು ಪಾಯ ಆಗುವುದಿಲ್ಲ. ಪಾಯ ಆಗದಿದ್ದರೆ ವರ್ಷದೊಳಗೆ ಮನೆಯಿಲ್ಲ. ಆಗಷ್ಟೇ ಸಂಕ್ರಾಂತಿ ಮುಗಿದಿತ್ತು.

"ನೀ ಬಿ.ಎಸ್ಸಿ. ಓದಿದ್ದೆ. ಅರ್ಜಿ ನೀನೇ ನೋಡ್ಕ್ಯ" ಎಂದರು ಅಪ್ಪ. ನಾನು ಮಣ್ಣು ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ಒಪ್ಪಿಕೊಂಡೆ.

ಟೇಪು

ಮೊದಲು ಸೈಟು ಅಳೆಯಬೇಕಿತ್ತು. ಶನಿವಾರ ಲ್ಯಾಬಿನಿಂದ ನೇರವಾಗಿ ಟೇಪು, ನೋಟುಪುಸ್ತಕ ಹಿಡಿದು ಹೋದೆ. ಗುರುತಿನ ಚೀಟಿ ಕೊರಳಲ್ಲೇ ಇತ್ತು. ತೆಗೆಯಲು ಮರೆತದ್ದು ತಪ್ಪಾಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಟೇಪು ಹಿಡಿದವರು ಬಂದರೆ ಜನರಿಗೆ ಹೊಳೆಯುವುದು ಒಂದೇ: ಅರಣ್ಯಭೂಮಿ ಅತಿಕ್ರಮಣದ ಸರ್ವೆ. ಕಾಡಂಚಿನ ಊರು ಬಿಟ್ಟು ಪೇಟೆಗೆ ಬಂದು ಇಪ್ಪತ್ತು ವರ್ಷವಾದವರಿಗೂ ಟೇಪು ಕಂಡರೆ ತಮ್ಮ ಬೇಲಿಯ ಚಿಂತೆ ಹತ್ತುತ್ತದೆ.

ಪಕ್ಕದ ಮನೆಯ ಅಜ್ಜ ಬೇಲಿಯ ತನಕ ಬಂದರು.

"ಎಂತ ತಂಗಿ, ಯಾವ ಇಲಾಖೆ?"

"ಇಲಾಖೆ ಅಲ್ಲ ಅಜ್ಜ. ಇದು ನಮ್ಮದೇ ಸೈಟು."

"ಎಲ್ಲರೂ ಮೊದಲು ಹಾಗೇ ಹೇಳೂದು."

ಟೇಪಿನ ಒಂದು ತುದಿ ಹಿಡಿದುಕೊಳ್ಳುತ್ತೀರಾ ಎಂದು ಕೇಳಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಮುಟ್ಟೂದಿಲ್ಲ. ನಾಳೆ ನಾನೇ ಅಳೆಸಿದ್ದು ಅಂತೀರಿ."

ತುದಿಯ ಮೇಲೆ ಕಲ್ಲಿಟ್ಟು ಅಳೆದೆ. ಜಾಗದ ದಾಖಲೆಯಾದ ಉತಾರದಲ್ಲಿ ಅಗಲ ನಲವತ್ತು ಅಡಿ ಎಂದಿತ್ತು. ಟೇಪಿನಲ್ಲಿ ಮೂವತ್ತೆಂಟು ಬಂತು. ಬರೆದುಕೊಂಡೆ. ಒಂದೇ ಸಲ ತೆಗೆದ ಅಳತೆಯ ಮೇಲೆ ನನಗೆ ಭರವಸೆಯಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹೋದೆ.

ಅಜ್ಜನ ಬೇಲಿ ಹಿಂದೆ ಸರಿದಿತ್ತು. ಎರಡು ಬಾಳೆಗಿಡಗಳಿದ್ದಲ್ಲಿ ಹಸಿ ಮಣ್ಣು ಮಾತ್ರ ಇತ್ತು. ಅಗಲ ಸರಿಯಾಗಿ ನಲವತ್ತು ಅಡಿ. ಇನ್ನೊಂದು ಬದಿಯ ಮನೆಯವರು ಬಟ್ಟೆ ಒಣಗಿಸುವ ಕಂಬ ಕಿತ್ತು ಒಳಗೆ ಒಯ್ದಿದ್ದರು. ಆ ಕಂಬ ಅವರ ಜಾಗದಲ್ಲೇ ಇತ್ತು. ನಾನು ಯಾರನ್ನೂ ಏನೂ ಕೇಳಿರಲಿಲ್ಲ.

"ಎರಡು ಸಲ ಎರಡು ಅಳತೆ ಬಂತು. ಇನ್ನೊಂದು ಸಲ ನೋಡಬೇಕು" ಎಂದೆ ಮನೆಯಲ್ಲಿ.

"ಸಾಕು ಕೂಸೇ" ಎಂದರು ಅಪ್ಪ. "ಇನ್ನೊಂದ್ಸಲ ಅಳೆದ್ರೆ ಅವು ಮನೆನೇ ಬಿಟ್ಟಿಕ್ಕಿ ಹೋಗ್ತ."

ಯಾರು ಕಳಿಸಿದ್ದು?

ನಕ್ಷೆಗಾಗಿ ಪೇಟೆಯ ಎಂಜಿನಿಯರರೊಬ್ಬರ ಬಳಿ ಹೋದೆವು, ಅಪ್ಪ ಮತ್ತು ನಾನು. ಅವರು ಪೆನ್ಸಿಲ್ ಚೂಪು ಮಾಡುತ್ತಲೇ ಕೇಳಿದರು.

"ಯಾವ ನಕ್ಷೆ? ಆಫೀಸಿಗೆ ಕೊಡೂದೋ, ಕಟ್ಟೂದೋ?"

"ಎರಡೂ ಒಂದೇ" ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟರು.

ಪದ್ಧತಿ ನನಗೆ ಗೊತ್ತಿರಲಿಲ್ಲ. ಎಲ್ಲರೂ ಎರಡು ನಕ್ಷೆ ಮಾಡಿಸುತ್ತಾರಂತೆ. ಆಫೀಸಿನ ನಕ್ಷೆಯಲ್ಲಿ ಮನೆ ಸುತ್ತ ಜಾಗ ಬಿಟ್ಟು, ಪರೀಕ್ಷೆಗೆ ಬಂದ ವಿದ್ಯಾರ್ಥಿಯ ಹಾಗೆ ಮುದುಡಿ ಕೂತಿರುತ್ತದೆ. ಕಟ್ಟುವ ನಕ್ಷೆಯಲ್ಲಿ ಅದೇ ಮನೆ ಕಾಲು ಚಾಚುತ್ತದೆ.

"ಅಂದ್ರೆ, ಆಫೀಸಿಗೆ ಏನು ಕೊಡ್ತೀರೋ ಅದನ್ನೇ ಕಟ್ತೀರಿ?"

"ಹೌದು."

"ಪೂರ್ತಿ?"

"ಪೂರ್ತಿ."

ಅವರು ಎದ್ದು ಬಾಗಿಲಾಚೆ ಒಮ್ಮೆ ಇಣುಕಿ, ಮತ್ತೆ ಬಂದು ಕೂತರು. "ನೀವು ಪೇಪರಿನವರಾ?"

"ಅಲ್ಲ."

"ಮೊಬೈಲು ಮೇಜಿನ ಮೇಲಿಡಿ."

ಇಟ್ಟೆ. ಅದನ್ನು ಬೋರಲು ಹಾಕಿ, ಅಪ್ಪನತ್ತ ವಾಲಿ, ದನಿ ತಗ್ಗಿಸಿದರು. "ರಾಯ್ರೆ, ನೀವಾದ್ರೂ ಖರೆ ಹೇಳಿ. ನಿಮ್ಮನ್ನ ಇಲ್ಲಿಗೆ ಯಾರು ಕಳಿಸಿದ್ದು?"

ಅಪ್ಪನಿಗೆ ಸುಳ್ಳು ಹೇಳಿ ರೂಢಿಯಿಲ್ಲ.

"ಇವಳ ಆಯಿ" ಎಂದರು.

ಎಂಟರಿಂದ ಭಾಗಿಸು

ಕಳಿಸಿದವಳು ತಾನೇ ಆದರೂ ಆಯಿಗೆ ಎಂಜಿನಿಯರರ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. "ಅಂವಂಗೆ ಗೋಡೆ ಗೊತ್ತಿಕ್ಕು. ಆಯ ಗೊತ್ತಿದ್ದ? ಆಯ ನೋಡ್ಸದೇ ಅರ್ಜಿ ಕೊಡ್ಲಾಗ" ಎಂದಳು.

ಉಮ್ಮಚಗಿಯಲ್ಲಿ ಆಯ, ಅಂದರೆ ಮನೆಯ ಅಳತೆಯ ಶುಭಾಶುಭ, ನೋಡುವ ಹಿರಿಯರೊಬ್ಬರಿದ್ದಾರೆ. ನಕ್ಷೆ ಹಿಡಿದು ಬಸ್ಸಿನಲ್ಲಿ ಹೋದೆವು. ಅವರು ಬಹಳ ಹೊತ್ತು ಬಾಯಲ್ಲೇ ಏನೋ ಲೆಕ್ಕ ಹಾಕಿ, ಮನೆಯ ಉದ್ದ ಒಂಬತ್ತು ಇಂಚು ಹೆಚ್ಚಬೇಕೆಂದರು. ಹೆಚ್ಚಿಸಿದರೆ ಹಿಂದುಗಡೆ ಬಿಡಬೇಕಾದ ಜಾಗ ಕಡಿಮೆಯಾಗುತ್ತದೆ. ಅರ್ಜಿ ಅಲ್ಲೇ ಬೀಳುತ್ತದೆ.

"ಲೆಕ್ಕ ಹೇಗೆ ಅಜ್ಜ?" ಎಂದು ಕೇಳಿದೆ.

ಅವರು ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದರು. ಅಳತೆ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು, ಮೂರು, ಐದು, ಏಳು ಉಳಿದರೆ ಶುಭ. ಉಳಿದವು ಬೇಡ.

ಅಷ್ಟು ಸಾಕಾಯಿತು. ಜಗುಲಿಯ ತುದಿಯಲ್ಲಿ ಕೂತು, ಮೂವತ್ತು ಅಡಿಯಿಂದ ನಲವತ್ತು ಅಡಿಯವರೆಗೆ ಇಂಚಿಂಚಿಗೂ ಒಂದು ಕೋಷ್ಟಕ ಮಾಡಿದೆ. ಮೂರು ಇಂಚು ಕಡಿಮೆ ಮಾಡಿದರೂ ಶುಭವೇ ಬರುತ್ತಿತ್ತು. ತೋರಿಸಿದೆ.

ಅವರು ಕನ್ನಡಕ ತೆಗೆದರು. "ಯಾರ ಹತ್ರ ಕಲ್ತೆ?"

"ನೀವೇ ಈಗ ಹೇಳಿದ್ದು."

"ಆನು ಇಷ್ಟೆಲ್ಲ ಹೇಳಿದ್ನಿಲ್ಲೆ."

ಕೋಷ್ಟಕದ ಮೂರು ಕಡೆ ಬೆರಳಿಟ್ಟು ತಾವೇ ಲೆಕ್ಕ ಹಾಕಿ ನೋಡಿದರು. ಮೂರೂ ಸರಿಯಿದ್ದವು. ಮುಖ ಇನ್ನಷ್ಟು ಬಿಗಿಯಾಯಿತು.

"ಇದರ ನಕಲು ಇದ್ದಾ?"

"ಇಲ್ಲ."

ಕಾಗದವನ್ನು ನಾಲ್ಕಾಗಿ ಮಡಚಿ ತಮ್ಮ ಪಂಚಾಂಗದೊಳಗೆ ಸೇರಿಸಿದರು. "ಹಂಗಾರೆ ಇದು ಇಲ್ಲೇ ಇರ್ಲಿ. ನೀ ಮೂರಿಂಚು ಕಡಿಮೆ ಮಾಡ್ಕ್ಯ, ಒಳ್ಳೇದಾಗ್ತು. ಆದ್ರೆ ಯಾರಾದ್ರೂ ಕೇಳಿದ್ರೆ, ಆನೇ ಹೇಳಿದ್ದು ಅಂತ ಹೇಳು."

ಸಮುದ್ರ ಎಷ್ಟು ದೂರ

ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿದ ಮೇಲೂ ಕಾಗದದ ಪ್ರತಿಯನ್ನು ನಗರಸಭೆಯ ಕಚೇರಿಗೆ ಕೊಡಬೇಕು. ಜೊತೆಗೆ ಒಂದು ನಮೂನೆ. ಅದು ಕರಾವಳಿಯ ಹಳೆಯ ಪೇಟೆಗಳಿಗೆಂದು ಮಾಡಿದ್ದಿರಬೇಕು; ಹೇಗೋ ಘಟ್ಟ ಹತ್ತಿ ನಮ್ಮಲ್ಲಿಗೂ ಬಂದಿತ್ತು. ಅದರಲ್ಲೊಂದು ಕಾಲಂ: ಸಮುದ್ರದ ಉಬ್ಬರದ ಗೆರೆಯಿಂದ ಕಟ್ಟಡಕ್ಕಿರುವ ದೂರ.

‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದೆ.

ಕೌಂಟರಿನಲ್ಲಿದ್ದ ಗುಮಾಸ್ತರು ಹಾವೇರಿ ಕಡೆಯವರು. "ಏನ್ರಿ ಇದು? ಅಂಕಿ ಬರೀರಿ."

"ಸರ್, ಇಲ್ಲಿ ಸಮುದ್ರ ಇಲ್ಲ."

"ಇಲ್ಲ ಅಂತ ನನಗೂ ಗೊತ್ತೈತ್ರಿ. ಮ್ಯಾಲಿನವರಿಗೆ ಹೆಂಗ ಗೊತ್ತಾಗಬೇಕು?"

‘ಸುಮಾರು ಅರವತ್ತು ಕಿಲೋಮೀಟರ್’ ಎಂದು ಬರೆದೆ.

"ಇದಕ್ಕ ಆಧಾರ?"

ಹಿಂದಿನ ವಾರ ಮಣ್ಣಿನ ಮಾದರಿ ತರಲು ಕಡಲ ದಡದ ಕುಮಟಾಕ್ಕೆ ಹೋಗಿದ್ದೆ. ಬಸ್ಸಿನ ಟಿಕೆಟ್ಟು ಚೀಲದಲ್ಲಿತ್ತು. ಬೇರೇನೂ ತೋಚದೆ ಅದನ್ನೇ ಕೊಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಹೋಗಿದ್ದು. ಬಂದಿದ್ದು?"

ಅದೂ ಇತ್ತು. ಎರಡನ್ನೂ ಪಿನ್ ಹಾಕಿ ಲಗತ್ತಿಸಿ ಸೀಲು ಹೊಡೆದರು. ಶಿರಸಿಯಲ್ಲಿ ಸಮುದ್ರವಿಲ್ಲ ಎಂಬುದು ಅಂದಿನಿಂದ ದಾಖಲಾಗಿದೆ.

ಏನ್ ಬಿಟ್ಟೀರಿ?

ನಂತರ ಫೈಲಿನ ಉಳಿದ ಭಾಗ ತೆರೆದರು. ಪುಟಗಳಿಗೆ ಸಂಖ್ಯೆ ಹಾಕಿದ್ದೆ. ಮೊದಲಿಗೆ ಒಂದು ಪರಿವಿಡಿ, ಪ್ರತಿಯೊಂದಕ್ಕೂ ಎರಡು ನಕಲು. ಗುಮಾಸ್ತರು ಕೊನೆಯ ತನಕ ನೋಡಿ, ಮತ್ತೆ ಮೊದಲಿನಿಂದ ನೋಡಿದರು.

"ಏನ್ ಬಿಟ್ಟೀರಿ?"

"ಏನೂ ಬಿಟ್ಟಿಲ್ಲ ಸರ್."

"ಹಂಗಂದ್ರ ಹೆಂಗ್ರಿ? ಎಲ್ಲಾರೂ ಏನಾರ ಒಂದು ಬಿಟ್ಟಿರ್ತಾರ."

ಅಲ್ಲಿಯ ಕೆಲಸದ ರೀತಿಯೇ ಹಾಗೆ. ಮೊದಲ ಸಲ ಬಂದವರ ಫೈಲಿನಲ್ಲಿ ಏನೋ ಒಂದು ಇರುವುದಿಲ್ಲ. ಇಲ್ಲವೆಂದು ಬರೆದು ಕಳಿಸುತ್ತಾರೆ. ತಂದ ಮೇಲೆ ಒಪ್ಪುತ್ತಾರೆ. ಮೊದಲ ಸಲವೇ ಎಲ್ಲ ಇದ್ದರೆ ಮುಂದೇನು ಮಾಡಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮೇಜಿನವರನ್ನು ಕರೆದರು. ಅವರೂ ನೋಡಿ, ನನ್ನನ್ನೊಮ್ಮೆ ನೋಡಿ, "ಏನೋ ಐತಿ" ಎಂದಷ್ಟೇ ಹೇಳಿ ಹೋದರು.

"ನಾಳೆ ಬರ್ರಿ" ಎಂದರು ಗುಮಾಸ್ತರು. "ಯಾವ್ದ ಇಲ್ಲ ಅಂತ ಹುಡುಕಿ ಇಡ್ತೇನಿ."

ಬೇಕಾದ ತಪ್ಪು

ಆ ‘ನಾಳೆ’ ಒಂದೂವರೆ ತಿಂಗಳು ನಡೆಯಿತು. ಸ್ಥಳ ನೋಡಲು ಬಂದ ಅಧಿಕಾರಿ ಎರಡು ಸಲ ಅಳೆದರು. ಎರಡು ಸಲವೂ ನಕ್ಷೆಯಲ್ಲಿದ್ದಂತೆಯೇ ಬಂತು. ಅವರ ಅನುಮಾನ ಎರಡರಷ್ಟಾಯಿತು. ಫೈಲು ಮೇಲೆ ಹೋಗಿ, ‘ಮತ್ತೊಮ್ಮೆ ಪರಿಶೀಲಿಸಿ’ ಎಂದು ಬರೆಸಿಕೊಂಡು ಕೆಳಗೆ ಬಂತು.

ಯುಗಾದಿಗೆ ಎಂಟು ದಿನ ಉಳಿದಾಗ ಗೌಂಡಿಯ ಫೋನು ಬಂತು. "ನಿಲ್ಕುಂದದವರು ಕಲ್ಲು ತರ್ಸಿ ಇಟ್ಟಾಯ್ತು ಅಕ್ಕೋರೆ. ನಾ ಎಂತ ಹೇಳೂದು ಅವ್ರಿಗೆ?" ಅಂದು ಆಯಿ ಊಟ ಮಾಡಲಿಲ್ಲ. ಅಪ್ಪ ಬಾಡಿಗೆಗೆ ಬೇರೆ ಮನೆ ಹುಡುಕಲು ಹೊರಟರು.

ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ಜವಾನ ನನ್ನನ್ನು ಕರೆದು ಹೇಳಿದ: "ಒಂದು ತಪ್ಪು ಹಾಕಿ ಕೊಡಿ ಅಕ್ಕೋರೆ. ಅವ್ರಿಗೂ ಹಿಡೀಲಿಕ್ಕೆ ಏನಾದ್ರೂ ಬೇಕಲ್ಲ."

ಮನೆಗೆ ಬಂದು ತಪ್ಪುಗಳ ಪಟ್ಟಿ ಮಾಡಿದೆ. ಎರಡು ಗುಣ ಬೇಕಿತ್ತು: ಕಣ್ಣಿಗೆ ಬೀಳಬೇಕು, ಒಂದೇ ದಿನದಲ್ಲಿ ಸರಿಯಾಗಬೇಕು. ಸರ್ವೆ ನಂಬರು ತಪ್ಪು ಬರೆದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಸಹಿ ಬಿಟ್ಟರೆ ಅಲ್ಲೇ ಹಾಕಿಸಿಕೊಂಡು, ಇಷ್ಟೇ ಅಲ್ಲ ಎನ್ನುತ್ತಾರೆ. ಕೊನೆಗೆ ಅಡುಗೆಮನೆಯ ಕಿಟಕಿ ತೆಗೆಯುವುದೆಂದಾಯಿತು. ಎಂಜಿನಿಯರರು ಬಹಳ ಸಂತೋಷದಿಂದ ಅಳಿಸಿಕೊಟ್ಟರು. "ಈಗ ನೀವು ದಾರಿಗೆ ಬಂದ್ರಿ" ಎಂದರು.

ಸಣ್ಣ ತಿದ್ದುಪಡಿ ಇದೆ ಎಂದು ಹೇಳಿ ನಕ್ಷೆ ಬದಲಿಸಿ ಕೊಟ್ಟೆ. ಗುಮಾಸ್ತರು ಬೆರಳಿಟ್ಟು ನೋಡುತ್ತ ಹೋದರು. ಅಡುಗೆಮನೆಯನ್ನು ಎರಡು ಸಲ ದಾಟಿದರು. ನಾನು ಕೆಮ್ಮಿದೆ. ಮೂರನೇ ಸಲ ಬೆರಳು ನಿಂತಿತು.

"ಅಡಗಿಮನಿಗೆ ಕಿಡಕೀನ ಇಲ್ಲಲ್ರೀ! ಹೊಗಿ ಎಲ್ಲಿಂದ ಹೋಗಬೇಕು?"

ಒಂದೂವರೆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಪಕ್ಕದ ಮೇಜಿನವರು ಎದ್ದು ಬಂದರು. "ನಾ ಹೇಳಿರಲಿಲ್ಲೇನು, ಏನೋ ಐತಿ ಅಂತ!" ಕೆಂಪು ಶಾಯಿಯಲ್ಲಿ ಒಂದು ಪೂರ್ತಿ ಪುಟ ತಕರಾರು ಬರೆದರು. ಹೊಗೆಯಿಂದ ಆರೋಗ್ಯಕ್ಕಾಗುವ ಹಾನಿ, ಗಾಳಿ ಬೆಳಕಿನ ನಿಯಮ, ಗೃಹಿಣಿಯರ ಕಣ್ಣು, ಎಲ್ಲ ಅದರಲ್ಲಿತ್ತು. ಯಾರೋ ನನಗೆ ಚಹಾ ತರಿಸಿದರು. ಮರುದಿನ ಕಿಟಕಿಯಿದ್ದ ಮೊದಲಿನ ನಕ್ಷೆಯನ್ನೇ ಕೊಟ್ಟೆ. "ಈಗ ನೋಡ್ರಿ, ಎಷ್ಟ್ ಛಲೋ ಆತು" ಎಂದರು ಗುಮಾಸ್ತರು. ಎರಡು ದಿನಕ್ಕೆ ಪರವಾನಗಿ ಕೈಗೆ ಬಂತು. ಗೌಂಡಿಗೆ ಫೋನು ಮಾಡಿದಾಗ, ಪಾಯ ತೋಡಿಸಿಡಿ, ಕಾಗದವನ್ನು ಸೈಟಿನಲ್ಲೇ ನೋಡುತ್ತೇನೆ ಎಂದ.

ಯುಗಾದಿಯ ದಿನವೇ ಬೆಳಿಗ್ಗೆ ಸೈಟಿನಲ್ಲಿ ಮುಹೂರ್ತ. ಅಗೆದ ಪಾಯದ ಪಕ್ಕ ಚಿರೆಕಲ್ಲು ಬಂದಿತ್ತು. ಆಯಿಯ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಅಪ್ಪನ ಕೈಯಲ್ಲಿ ಕಾಯಿ. ಗೌಂಡಿ ಕೈ ಒರೆಸಿಕೊಂಡು ಪರವಾನಗಿ ತೆಗೆದುಕೊಂಡ. ಬಿಸಿಲಿಗೆ ಹಿಡಿದ. ಸೀಲನ್ನು ಹೆಬ್ಬೆರಳಲ್ಲಿ ತಿಕ್ಕಿದ.

"ಇಷ್ಟ್ ಬೇಗ ಹೆಂಗೆ ಬಂತು?"

"ಬೇಗ ಎಲ್ಲಿ? ಎರಡು ತಿಂಗಳಾಯಿತು."

"ನಾ ಕಂಡವ್ರಿಗೆಲ್ಲ ವರ್ಷ ಹಿಡಿದದೆ. ಈಗ ಕಂಪ್ಯೂಟರಲ್ಲಿ ಇಂಥದ್ದು ಯಾರು ಬೇಕಾದ್ರೂ ಮಾಡ್ತಾರೆ."

ಮೂಲೆಯ ಚೌಕದ ಗುರುತು ತೋರಿಸಿ, ಅದನ್ನು ಮೊಬೈಲಿನಲ್ಲಿ ಹಿಡಿದರೆ ಖಾತ್ರಿಯಾಗುತ್ತದೆ ಎಂದೆ.

"ಇದು ಬಿಸ್ಕಿಟ್ ಪೊಟ್ಟಣದ ಮೇಲೂ ಇರ್ತದೆ" ಎಂದ.

ಮುಹೂರ್ತಕ್ಕೆ ಹತ್ತು ನಿಮಿಷವಿತ್ತು. ಆಯಿ ನನ್ನನ್ನು ನೋಡಿದಳು. ನಾನು ಆನ್‌ಲೈನ್ ರಸೀದಿಗಾಗಿ ಫೈಲು ತಡಕಾಡಿದೆ. ಆ ಗಡಿಬಿಡಿಯಲ್ಲಿ ಕೆಂಪು ಶಾಯಿಯ ತಕರಾರು ಜಾರಿ ಅವನ ಕಾಲ ಬಳಿ ಬಿತ್ತು. ಅವನು ಎತ್ತಿಕೊಂಡು ಓದತೊಡಗಿದ. ಕೆಲಸ ಕೆಟ್ಟಿತು ಎಂದುಕೊಂಡೆ.

ಅವನು ಕೊನೆಯ ಸಾಲಿನ ತನಕ ಓದಿದ. ಮುಖ ಸಡಿಲವಾಯಿತು.

"ಇದನ್ನ ಮೊದಲೇ ತೋರ್ಸೂದಲ್ವ ಅಕ್ಕೋರೆ? ಸೀಲು ಯಾರು ಬೇಕಾದ್ರೂ ಹೊಡೀತಾರೆ. ಒಂದು ಕಿಟಕಿಗೆ ಇಷ್ಟುದ್ದ ತಕರಾರು ಬರೀಲಿಕ್ಕೆ ಆಫೀಸಿನವ್ರು ಬಿಟ್ಟು ಬೇರೆ ಯಾರಿಗೆ ಬರ್ತದೆ?"

ಪರವಾನಗಿಯನ್ನು ನನ್ನ ಕೈಗೆ ಕೊಟ್ಟ. ತಕರಾರನ್ನು ಕಣ್ಣಿಗೊತ್ತಿಕೊಂಡು, ಮೊದಲ ಕಲ್ಲು ಎತ್ತಿದ.