ತಿರುಗು ಎಂಜಿನ್ನಿನ ಹೆಚ್ಚುವರಿ ಅಶ್ವಶಕ್ತಿ ಮತ್ತು ಹಿಂದಿನ ಸೀಟಿನ ತೂಕ

ಇತರೆ ವಿಷಯಗಳ ಇಲಾಖೆ
ಜಿಲ್ಲಾ ಕಛೇರಿ, ಹಾಸನ

ಸಂಖ್ಯೆ: ಇವಿಇ/ಹಾ/ಗಗನ-1/2003-04
ದಿನಾಂಕ: 9ನೇ ಮಾರ್ಚ್ 2004

ಸುತ್ತೋಲೆ

ವಿಷಯ: ಚನ್ನರಾಯಪಟ್ಟಣ ತಾಲ್ಲೂಕು ನುಗ್ಗೇಹಳ್ಳಿಯಲ್ಲಿ ಖಾಸಗಿಯವರು ಮನೆಯಲ್ಲೇ ಕಟ್ಟಿಕೊಂಡಿರುವ ವಿಮಾನದ ಎಂಜಿನ್ ಶಕ್ತಿಯನ್ನು, ತಪಾಸಣಾಧಿಕಾರಿಯವರನ್ನು ಎತ್ತುವ ಮಟ್ಟಕ್ಕೆ ಹೆಚ್ಚಿಸುವ ಬಗ್ಗೆ.

ಉಲ್ಲೇಖ: 1) ಶ್ರೀಮತಿ ಬೆಟ್ಟಮ್ಮನವರ ಮೌಖಿಕ ದೂರು.
2) ಸದರಿ ದೂರನ್ನು ಹಿಂಪಡೆಯಲು ಅವರೇ ಸಲ್ಲಿಸಿದ ಮೌಖಿಕ ಮನವಿ.
3) ಸದರಿ ಮನವಿಯನ್ನು ತಿರಸ್ಕರಿಸಿದ ಈ ಕಛೇರಿಯ ಮೌಖಿಕ ಆದೇಶ.

1. ಯಾವ ಇಲಾಖೆಗೂ ಸೇರದ ವಿಷಯಗಳು ಈ ಇಲಾಖೆಗೆ ಸೇರತಕ್ಕದ್ದೆಂಬ ಸ್ಥಾಯಿ ಆದೇಶ ಜಾರಿಯಲ್ಲಿರುತ್ತದೆ. ಮೇಲ್ಕಂಡ ವಿಮಾನವು ಜಮೀನಲ್ಲವೆಂದು ಒಂದು ಇಲಾಖೆಯೂ, ರಸ್ತೆಯ ಮೇಲಿಲ್ಲವೆಂದು ಇನ್ನೊಂದು ಇಲಾಖೆಯೂ ಕಡತವನ್ನು ಹಿಂದಿರುಗಿಸಿದ್ದರಿಂದ, ಅದು ಈ ಇಲಾಖೆಯ ವಶಕ್ಕೆ ಬಂದಿರುತ್ತದೆ.

2. ಹೊಳೆನರಸೀಪುರದ ಶ್ರೀಮತಿ ವೇದವತಿಯವರು ಪಾಲಿಟೆಕ್ನಿಕ್‌ನಲ್ಲಿ ಎಂಜಿನ್ ಪಾಠ ಹೇಳಿ ನಿವೃತ್ತರಾದವರು. ಬೆಂಗಳೂರಿಗೆ ಹೋಗಿ ಬಂದು ವಿಮಾನ ನಡೆಸುವುದನ್ನು ಕಲಿತು ಲೈಸೆನ್ಸ್ ಪಡೆದವರು. ನುಗ್ಗೇಹಳ್ಳಿಯ ಶ್ರೀ ದೇವರಾಜು, ಶ್ರೀಮತಿ ವೇದವತಿಯವರ ಹಳೆಯ ವಿದ್ಯಾರ್ಥಿ. ಒಂದು ತೆಂಗಿನ ತೋಟವೂ, ಪಕ್ಕದಲ್ಲಿ ರಾಗಿ ಬೆಳೆಯುವ ಉದ್ದನೆಯ ಹೊಲವೂ ಉಳ್ಳವರು. ಇವರಿಬ್ಬರೂ ಸೇರಿ ತೆಂಗಿನಕಾಯಿ ತುಂಬುವ ಶೆಡ್ಡಿನಲ್ಲಿ ವರ್ಷಗಟ್ಟಲೆ ದುಡಿದು ಎರಡು ಸೀಟಿನ ವಿಮಾನವೊಂದನ್ನು ಕಟ್ಟಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಏಕೆ ಕಟ್ಟಿದಿರಿ ಎಂಬ ಪ್ರಶ್ನೆಗೆ ಶ್ರೀಮತಿ ವೇದವತಿಯವರು, "ಸರ್ವೀಸ್ ಪೂರ್ತಿ ಬೋರ್ಡಿನ ಮೇಲೆ ಎಂಜಿನ್ ಬರೆದು ಅಳಿಸಿದೀನಿ ಸಾರ್. ಒಂದಾದ್ರೂ ಅಳಿಸದೆ ಉಳೀಲಿ ಅಂತ" ಎಂದು ಉತ್ತರಿಸಿರುತ್ತಾರೆ. ಇಂಥ ಉತ್ತರಕ್ಕೆ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ "ಇತರೆ" ಎಂದು ದಾಖಲಿಸಿಕೊಳ್ಳಲಾಗಿದೆ.

3. ವಿಮಾನಕ್ಕೆ ಅಳವಡಿಸಿರುವುದು ಗುಜರಿಯಲ್ಲಿ ಸಿಕ್ಕ ಜಪಾನಿ ಕಾರೊಂದರ ತಿರುಗು ಎಂಜಿನ್. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇರುವುದಿಲ್ಲ. ಮೂರು ಮೂಲೆಯ, ಹೊಟ್ಟೆ ಉಬ್ಬಿದ ಬಿಲ್ಲೆಯೊಂದು ಡಬ್ಬಿಯೊಳಗೆ ಸುತ್ತುತ್ತಲೇ ಗಾಳಿಯನ್ನೂ ಪೆಟ್ರೋಲನ್ನೂ ಎಳೆದುಕೊಂಡು, ಹಿಂಡಿ, ಉರಿಸಿ, ಹೊಗೆಯನ್ನು ಆಚೆಗೆ ದಬ್ಬುತ್ತದೆ. ಗಾತ್ರದಲ್ಲಿ ಚಿಕ್ಕದು, ಸದ್ದಿನಲ್ಲಿ ದೊಡ್ಡದು. ಇದರ ಶಕ್ತಿಯನ್ನು ಅಶ್ವಶಕ್ತಿಯಲ್ಲಿ ಅಳೆಯುವುದರಿಂದ ಪಶುವೈದ್ಯರ ಅಭಿಪ್ರಾಯ ಕೋರಲಾಗಿತ್ತು. ಕುದುರೆಗಳನ್ನು ಹಾಜರುಪಡಿಸಿದಲ್ಲಿ ಪರಿಶೀಲಿಸುವುದಾಗಿ ಉತ್ತರ ಬಂದಿರುತ್ತದೆ. ಅಲ್ಲಿಯವರೆಗೆ, ಈ ಹೋಬಳಿಯಲ್ಲಿ ಅಶ್ವಶಕ್ತಿಯ ಮಾತು ಬರುವುದು ಪಂಪ್‌ಸೆಟ್ಟಿನ ವಿಷಯದಲ್ಲಿ ಮಾತ್ರವಾದ್ದರಿಂದ, ಸದರಿ ವಿಮಾನವನ್ನು ನೀರೆತ್ತದ ಪಂಪ್‌ಸೆಟ್ ಎಂದು ತಾತ್ಕಾಲಿಕವಾಗಿ ಪರಿಗಣಿಸತಕ್ಕದ್ದು.

4. ಪಕ್ಕದ ಹೊಲದ ಶ್ರೀಮತಿ ಬೆಟ್ಟಮ್ಮನವರು ಈ ಕಛೇರಿಗೆ ಬಂದು, "ಆ ಮಿಸನ್ನು ಸುರು ಮಾಡುದ್ರೆ ನನ್ನೆಮ್ಮೆ ಕಾಲು ಜಾಡುಸ್ತದೆ ಸಾ, ಒಂದು ತಂಬ್ಗೆ ಆಲು ಕೊಡಾಕಿಲ್ಲ" ಎಂದು ದೂರಿರುತ್ತಾರೆ. ದೂರಿನನ್ವಯ, ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು (ಇನ್ನು ಮುಂದೆ "ಕೆಳಸಹಿದಾರರು") ರಾಗಿ ಕೊಯ್ಲಾದ ಮೇಲೆ ಸ್ಥಳ ತಪಾಸಣೆಗೆ ತೆರಳಿ, ಎರಡು ಸೀಟು ಇದೆಯೆಂದು ಹೇಳಿಕೊಳ್ಳುವ ಯಾವುದೇ ವಸ್ತುವು ಇಬ್ಬರನ್ನು ಹೊತ್ತು ನೆಲ ಬಿಡದಿದ್ದಲ್ಲಿ ಅದು ವಿಮಾನವಲ್ಲ, ಅನಧಿಕೃತ ಕಟ್ಟಡ; ಅದನ್ನು ಶಿವರಾತ್ರಿಯೊಳಗೆ ಕೆಡವತಕ್ಕದ್ದು ಎಂದು ಸ್ಥಳದಲ್ಲೇ ಆದೇಶಿಸಿರುತ್ತಾರೆ. ಆದೇಶ ಕೇಳಿ ಶ್ರೀ ದೇವರಾಜು ವಿಮಾನದ ರೆಕ್ಕೆಯ ಮೇಲೆ ಕೈಯಿಟ್ಟುಕೊಂಡು ನಿಂತವರು ಬಹಳ ಹೊತ್ತು ಕೈ ತೆಗೆಯಲಿಲ್ಲವೆಂಬುದನ್ನು ಗಮನಿಸಲಾಗಿದೆ.

5. ಶ್ರೀಮತಿ ವೇದವತಿಯವರು ಒಬ್ಬರೇ ಕುಳಿತಾಗ ವಿಮಾನವು ಅದಕ್ಕೂ ಮುಂಚೆ ಹಾರಿರುವುದು ನಿಜ. ಆದರೆ ಇಬ್ಬರನ್ನು ಎಂದೂ ಎತ್ತಿರಲಿಲ್ಲ. ಆ ಕಾರಣ, ಅದನ್ನು ಅರ್ಧ ಪಾಲು ಕಟ್ಟಿದ ಶ್ರೀ ದೇವರಾಜು ಅದರಲ್ಲಿ ಎಂದೂ ಮೇಲೆ ಹೋದವರಲ್ಲ. ತಪಾಸಣೆಯ ದಿನ ಹಿಂದಿನ ಸೀಟಿನಲ್ಲಿ ಕೆಳಸಹಿದಾರರು ಬ್ಯಾಗು, ಕೊಡೆ ಮತ್ತು ಊಟದ ಡಬ್ಬಿ ಸಮೇತ ಆಸೀನರಾದರು. ವಿಮಾನವು ಹೊಲದ ಉದ್ದಕ್ಕೂ ಓಡಿತು. ಬದುವಿನ ತನಕ ಓಡಿತು. ಅಲ್ಲಿ ನಿಂತಿತು. ಶ್ರೀ ದೇವರಾಜು ಏದುಸಿರು ಬಿಡುತ್ತಾ ಹಿಂದೆಯೇ ಓಡಿಬಂದು, "ಎಂಜಿನ್ನಿಂದೇನೂ ತಪ್ಪಿಲ್ಲ ಸಾ. ನೀವು ವಸಿ..." ಎಂದು ಆರಂಭಿಸಿದ್ದು, "ದೇವರಾಜು, ಸುಮ್ನಿರಪ್ಪ" ಎಂದು ಶ್ರೀಮತಿ ವೇದವತಿಯವರು ತಡೆದಿರುತ್ತಾರೆ. ಅಪೂರ್ಣ ವಾಕ್ಯವನ್ನು ಕಡತದಿಂದ ಕೈಬಿಡಲಾಗಿದೆ.

6. ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಸ್ಪಷ್ಟಪಡಿಸುವುದೇನೆಂದರೆ: ಅಧಿಕಾರಿಯ ತೂಕವು ಸೇವಾ ವಿಷಯ, ಎಂಜಿನ್ನಿನ ಶಕ್ತಿಯು ಸಾರ್ವಜನಿಕ ವಿಷಯ. ಮೊದಲನೆಯದನ್ನು ಇಳಿಸುವ ಅಧಿಕಾರ ಯಾರಿಗೂ ಇರುವುದಿಲ್ಲ. ಎರಡನೆಯದನ್ನು ಏರಿಸುವ ಹೊಣೆ ಕಟ್ಟಿದವರದು. ಶಕ್ತಿಯನ್ನು ಕಛೇರಿ ವೇಳೆಯಲ್ಲಿ ಮಾತ್ರ ಹೆಚ್ಚಿಸತಕ್ಕದ್ದು. ಊಟದ ವಿರಾಮದಲ್ಲಿ ಯಥಾಸ್ಥಿತಿ ಕಾಪಾಡತಕ್ಕದ್ದು.

7. ಶ್ರೀ ದೇವರಾಜು ಮೊದಲ ಪ್ರಯತ್ನವಾಗಿ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗಳನ್ನು ಅರ ಹಾಕಿ ಅಗಲ ಮಾಡಿ, ಸೈಲೆನ್ಸರನ್ನು ಕಿತ್ತಿಟ್ಟಿರುತ್ತಾರೆ. ಇದರಿಂದ ಶಕ್ತಿ ಸ್ವಲ್ಪವೂ, ಸದ್ದು ಬಹಳವೂ ಹೆಚ್ಚಿತು. ಬೆಟ್ಟಮ್ಮನವರ ಎಮ್ಮೆ ಗೂಟ ಕಿತ್ತುಕೊಂಡು ಹಿರೀಸಾವೆ ರಸ್ತೆಯ ದಿಕ್ಕಿಗೆ ಹೊರಟುಹೋಯಿತು. ನೀರು ಕುದಿದು ರೇಡಿಯೇಟರ್ ಮುಚ್ಚಳ ಹಾರಿತು. ಮುಚ್ಚಳವು ಒಬ್ಬರ ತೂಕವೂ ಇಲ್ಲದ್ದರಿಂದ ಅದರ ಹಾರಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಇನ್ನು ಮುಂದೆ ಅಶ್ವಶಕ್ತಿಯನ್ನು ಹೆಚ್ಚಿಸುವ ಮುನ್ನ ಎಮ್ಮೆಗಳಿಗೆ ಸಾಕಷ್ಟು ಕಾಲಾವಕಾಶವಿರುವ ನೋಟೀಸು ಜಾರಿ ಮಾಡತಕ್ಕದ್ದು.

8. ಆನಂತರ ಕಟ್ಟಿದವರಿಬ್ಬರ ನಡುವೆ ಜಗಳವಾಗಿರುತ್ತದೆ. ಅಲ್ಲಿಯವರೆಗೆ ವಿಮಾನದ ಪಂಖವನ್ನು (ಪ್ರೊಪೆಲ್ಲರ್) ನೇರವಾಗಿ ಎಂಜಿನ್ನಿಗೇ ಕಟ್ಟಲಾಗಿತ್ತು. ಪಂಖವು ಒಂದು ಮಿತಿ ಮೀರಿ ಸುತ್ತುವಂತಿಲ್ಲ. ಆದ್ದರಿಂದ ಎಂಜಿನ್ನನ್ನೂ ಅಷ್ಟಕ್ಕೇ ಹಿಡಿದಿಡಬೇಕಾಗಿತ್ತು. ನಡುವೆ ಗಿಯರ್ ಕೂರಿಸಿದರೆ ಪಂಖ ನಿಧಾನವಾಗಿಯೂ ಎಂಜಿನ್ ವೇಗವಾಗಿಯೂ ಸುತ್ತಬಹುದು, ಇದರ ಶಕ್ತಿಯೆಲ್ಲ ಇರುವುದು ವೇಗದಲ್ಲೇ ಎಂಬುದು ಶ್ರೀಮತಿ ವೇದವತಿಯವರ ವಾದ. ಗಿಯರ್ ಎಂದರೆ ಮತ್ತಷ್ಟು ಕಬ್ಬಿಣ ಎಂಬುದು ಶ್ರೀ ದೇವರಾಜು ಅವರ ವಾದ.

"ಭಾರ ಕಮ್ಮಿ ಮಾಡ್ಬೇಕಾದ ಒತ್ನಲ್ಲಿ ಭಾರ ಏರುಸ್ತೀನಿ ಅಂತೀರಲ್ಲ ಮೇಡಮ್ಮೋರೆ?"

"ಇದು ಓಡೋ ಎಂಜಿನ್ನು ದೇವರಾಜು. ನಾವು ಅದನ್ನ ಇಷ್ಟು ದಿನ ನಡೆಸ್ತಾ ಇದ್ವಿ."

"ನಿಮ್ಗೇನು, ನೀವು ಮ್ಯಾಕೆ ಆರಿದ್ದೀರಿ. ಕೆಳಗೆ ನಿಂತು ನೋಡಿದೋನು ನಾನು ತಾನೆ."

ಈ ಮಾತು ಕೇಳಿ ಶ್ರೀಮತಿ ವೇದವತಿಯವರು ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೊರಟುಹೋದರು. ಶ್ರೀ ದೇವರಾಜು ವಿಮಾನದ ಮೇಲೆ ತೆಂಗಿನ ಗರಿ ಹೊದಿಸಿ ಶೆಡ್ಡಿಗೆ ಬೀಗ ಹಾಕಿದರು. ಮಾತುಕತೆ ನಿಂತಿತು. ಎಂಜಿನ್ ಕುರಿತು ಮನಸ್ತಾಪ ಮಾಡಿಕೊಳ್ಳುವವರು ಇನ್ನು ಮುಂದೆ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು. ಕೊಟ್ಟ ಅವಧಿ ಮುಗಿದ ಮೇಲೂ ಮನಸ್ತಾಪ ಮುಂದುವರಿಸಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

9. ಶಿವರಾತ್ರಿ ಹತ್ತಿರವಾಗುತ್ತಿರುವಾಗ ಶ್ರೀಮತಿ ಬೆಟ್ಟಮ್ಮನವರು ಪುನಃ ಕಛೇರಿಗೆ ಬಂದು ದೂರು ವಾಪಸ್ಸು ಕೊಡಬೇಕೆಂದು ಕೇಳಿರುತ್ತಾರೆ. "ಆ ಸದ್ದು ನಿಂತೋದ್ ಮ್ಯಾಕೆ ಎಮ್ಮೆ ಸೆಡ್ಡಿನ್ ಕಡೀಕೇ ಕಿವಿ ನಿಮುರ್ಸ್ಕೊಂಡು ನಿಂತ್ಕತದೆ ಸಾ. ಮೇವು ಮುಟ್ಟಾಕಿಲ್ಲ. ಆ ದೇವ್ರಾಜನೂ ಅಂಗೇ ಆಗವ್ನೆ." ಕೊಟ್ಟ ದೂರನ್ನು ಹಿಂದಿರುಗಿಸುವ ಪದ್ಧತಿ ಇಲ್ಲವೆಂದು ತಿಳಿಸಲಾಯಿತು. ಅವರು ಕಛೇರಿಯಿಂದ ನೇರವಾಗಿ ಹೊಳೆನರಸೀಪುರದ ಬಸ್ಸು ಹತ್ತಿ, ಶ್ರೀಮತಿ ವೇದವತಿಯವರ ಮನೆಯ ಜಗುಲಿಯ ಮೇಲೆ ಕುಳಿತು, "ಅವ್ನು ಕ್ವಾಪದಲ್ಲಿ ಅಂದ್ಬುಟ್ಟ ಕಣಮ್ಮ. ನಿಮ್ ಜತೆ ಒಂದ್ಸಲ ಮ್ಯಾಕೆ ಓಗ್ಬೇಕು ಅಂತ ಅವ್ನಿಗೆ ಆಸೆ. ಬಾಯ್ಬುಟ್ಟು ಕೇಳ್ನಿಲ್ಲ, ಅಷ್ಟೆಯ" ಎಂದು ಹೇಳಿರುತ್ತಾರೆಂದು ತಿಳಿದುಬಂದಿದೆ. ಮರುದಿನ ಶ್ರೀಮತಿ ವೇದವತಿಯವರು ನುಗ್ಗೇಹಳ್ಳಿಯಲ್ಲಿ ಬಸ್ಸಿಳಿದಾಗ ಶೆಡ್ಡಿನ ಬೀಗ ತೆಗೆದಿತ್ತು. ಗರಿಗಳನ್ನು ಆಗಲೇ ಬದಿಗೆ ಒಟ್ಟಲಾಗಿತ್ತು. ಕ್ಷಮೆ ಕೇಳಿದವರು ಯಾರೆಂಬ ಬಗ್ಗೆ ಯಾವುದೇ ಮಾಹಿತಿ ಲಭ್ಯವಿರುವುದಿಲ್ಲ.

10. ಹಳೆಯ ಕಾರಿನ ಗಿಯರುಗಳನ್ನು ಗುಜರಿಯಿಂದ ತಂದು, ಹಾಸನದ ಲೇತಿನಲ್ಲಿ ಅದಕ್ಕೊಂದು ಹೊರಕವಚ ಮಾಡಿಸಿ, ಇಬ್ಬರೂ ಸೇರಿ ಕೂರಿಸಿದರು. ಕುದಿಯುವುದನ್ನು ತಪ್ಪಿಸಲು ಇನ್ನೊಂದು ರೇಡಿಯೇಟರನ್ನೂ, ಎಮ್ಮೆಯ ಸಲುವಾಗಿ ಸೈಲೆನ್ಸರನ್ನೂ ಹಾಕಲಾಯಿತು. ಗಿಯರಿನ ಬೋಲ್ಟುಗಳನ್ನು ಶ್ರೀ ದೇವರಾಜು ಒಮ್ಮೆ ಬಿಗಿದು, ಶ್ರೀಮತಿ ವೇದವತಿಯವರು ನೋಡಿ, ಪುನಃ ಶ್ರೀ ದೇವರಾಜು ಬಿಗಿದರು. ಶಿವರಾತ್ರಿಯ ಹಿಂದಿನ ದಿನ ಕೆಳಸಹಿದಾರರು ಬ್ಯಾಗು, ಕೊಡೆ, ಡಬ್ಬಿ ಸಮೇತ ಹಿಂದಿನ ಸೀಟಿನಲ್ಲಿ ಕುಳಿತರು. ಈ ಸಲ ಎಂಜಿನ್ ಗುಡುಗಲಿಲ್ಲ, ರಾಗ ಎಳೆಯಿತು. ಬದು ಹತ್ತಿರ ಬಂತು. ಬದು ಕೆಳಗೆ ಹೋಯಿತು.

11. ಹಾರಾಟದ ಅವಧಿಯಲ್ಲಿ ಕೆಳಸಹಿದಾರರು "ಅಯ್ಯಯ್ಯಪ್ಪಾ" ಎಂದು ಹಲವು ಬಾರಿ ಉದ್ಗರಿಸಿದ್ದು, ಅದನ್ನು ತಾಂತ್ರಿಕ ಅಭಿಪ್ರಾಯವೆಂದು ಪರಿಗಣಿಸತಕ್ಕದ್ದು. ಚನ್ನರಾಯಪಟ್ಟಣ ಮತ್ತು ಹೊಳೆನರಸೀಪುರ ತಾಲ್ಲೂಕುಗಳ ನಡುವೆ ನಕ್ಷೆಯಲ್ಲಿರುವ ಗೆರೆಯನ್ನು ಮೇಲಿನಿಂದ ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ. ಸದರಿ ಗೆರೆಯನ್ನು ಒಂದು ವಾರದೊಳಗೆ ನೆಲದ ಮೇಲೆ ಎಳೆದು ವರದಿ ಸಲ್ಲಿಸುವಂತೆ ಎರಡೂ ತಾಲ್ಲೂಕುಗಳ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ. ವಿಮಾನದ ನೆರಳು ಕೆರೆಯ ನೀರಿನ ಮೇಲೆ ಹಾದುಹೋಗುವಾಗ, ಆ ನೆರಳಿನಲ್ಲಿ ತಾವೂ ಇದ್ದೇವೆಂಬುದು ಹೊಳೆದು ಕೆಳಸಹಿದಾರರ ಕಣ್ಣು ಒದ್ದೆಯಾಗಿರುತ್ತದೆ. ಇದಕ್ಕೆ ಗಾಳಿಯೇ ಕಾರಣವೆಂದು ದೃಢೀಕರಿಸಲಾಗಿದೆ. ಇಳಿದ ಮೇಲೆ ಶ್ರೀ ದೇವರಾಜು "ಎಂಗಿತ್ತು ಸಾ?" ಎಂದು ಕೇಳಿದಾಗ, ಉತ್ತರವನ್ನು ಲಿಖಿತವಾಗಿ ಕಳುಹಿಸುವುದಾಗಿ ತಿಳಿಸಲಾಯಿತು.

12. ಕೆಡವುವ ಆದೇಶವನ್ನು ರದ್ದುಪಡಿಸಲಾಗಿದೆ. ಆದರೆ ಹೆಚ್ಚಿದ ಶಕ್ತಿಯು ಹೆಚ್ಚಿಯೇ ಇದೆಯೇ ಎಂಬುದನ್ನು ಆಗಾಗ್ಗೆ ಖಾತ್ರಿಪಡಿಸಿಕೊಳ್ಳುವುದು ಅಗತ್ಯವೆಂದು ಕಂಡುಬಂದಿದ್ದರಿಂದ, ಹಿಂದಿನ ಸೀಟನ್ನು ಇಲಾಖೆಗೆ ಕಾಯ್ದಿರಿಸಿ, ಪ್ರತಿ ಸೋಮವಾರ ತಪಾಸಣೆ ನಡೆಸಲು ಕೆಳಸಹಿದಾರರು ತಮಗೆ ತಾವೇ ಆದೇಶ ನೀಡಿಕೊಂಡಿರುತ್ತಾರೆ. ಅದರಂತೆ ತಪಾಸಣೆಗಳು ನಡೆದವು. ಪ್ರತಿ ಸಲವೂ ಶ್ರೀ ದೇವರಾಜು ಪಂಖ ತಿರುಗಿಸಿಕೊಟ್ಟು ಪಕ್ಕಕ್ಕೆ ಸರಿದು ನಿಂತರು.

13. ನಿನ್ನೆಯ ಸೋಮವಾರ ಕೆಳಸಹಿದಾರರ ಬಸ್ಸು ಚನ್ನರಾಯಪಟ್ಟಣದಲ್ಲಿ ಪಂಕ್ಚರ್ ಆಗಿ, ಅವರು ಹೊಲ ತಲುಪುವ ವೇಳೆಗೆ ವಿಮಾನವು ಆಗಲೇ ತೆಂಗಿನ ಮರಗಳ ಮೇಲಿತ್ತು. ಮುಂದೆ ಶ್ರೀಮತಿ ವೇದವತಿಯವರು. ಹಿಂದೆ, ಇಲಾಖೆಗೆ ಕಾಯ್ದಿರಿಸಿದ ಸೀಟಿನಲ್ಲಿ, ಶ್ರೀ ದೇವರಾಜು. ಕೆಳಸಹಿದಾರರು ಉಲ್ಲಂಘನೆಯ ನೋಟೀಸು ಬರೆಯಲೆಂದು ಬ್ಯಾಗು ತೆರೆದರು. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಶ್ರೀಮತಿ ಬೆಟ್ಟಮ್ಮನವರು ತಲೆಯೆತ್ತದೆಯೇ, "ಅವ್ರಿಬ್ರೂ ಕಟ್ಟಿದ್ದು ಸಾ. ಅವ್ರಿಬ್ರೇ ಓಗ್ಲಿ ಬುಡಿ" ಎಂದರು. ಅಷ್ಟರಲ್ಲಿ ವಿಮಾನ ತಿರುಗಿ ತಗ್ಗಿನಲ್ಲಿ ಬಂತು. ಶ್ರೀ ದೇವರಾಜು ಚಿಕ್ಕ ಹುಡುಗನ ಹಾಗೆ ಬಾಯಿ ತುಂಬ ನಗುತ್ತಾ ಎರಡೂ ಕೈ ಬೀಸುತ್ತಿದ್ದರು. ಆಗ ಕೆಳಸಹಿದಾರರ ಬಲಗೈಯು ಪೆನ್ನು ಸಮೇತ ತಾನಾಗಿಯೇ ಮೇಲಕ್ಕೆದ್ದು, ವಿಮಾನ ಕಣ್ಮರೆಯಾಗುವವರೆಗೆ ಬೀಸಿರುತ್ತದೆ.

14. ಸದರಿ ಕೈಬೀಸುವಿಕೆಯನ್ನು ಸದರಿ ಹಾರಾಟಕ್ಕೂ, ಮುಂದೆ ಇವರಿಬ್ಬರೂ ನಡೆಸುವ ಎಲ್ಲ ಹಾರಾಟಗಳಿಗೂ ನೀಡಿದ ಶಾಶ್ವತ ಅನುಮತಿ ಎಂದು ಭಾವಿಸತಕ್ಕದ್ದು.

ಸಹಿ/-
(ಟಿ. ಎಸ್. ಮುರಳೀಕೃಷ್ಣ)
ಸಹಾಯಕ ನಿರ್ದೇಶಕರು
ಇತರೆ ವಿಷಯಗಳ ಇಲಾಖೆ, ಹಾಸನ

ಪ್ರತಿಗಳು:
1) ಶ್ರೀಮತಿ ವೇದವತಿ ಮತ್ತು ಶ್ರೀ ದೇವರಾಜು ಅವರಿಗೆ (ನೆಲದ ಮೇಲಿದ್ದಲ್ಲಿ ಖುದ್ದಾಗಿ; ಇಲ್ಲದಿದ್ದಲ್ಲಿ ಇಳಿಯುವವರೆಗೆ ಕಾದು).
2) ಶ್ರೀಮತಿ ಬೆಟ್ಟಮ್ಮನವರಿಗೆ, ಓದಿ ಹೇಳುವ ಸಲುವಾಗಿ.
3) ಅರಕಲಗೂಡು ತಾಲ್ಲೂಕು ಶಾಖೆಗೆ: ಅಲ್ಲಿ ಸದ್ಯಕ್ಕೆ ಯಾರೂ ವಿಮಾನ ಕಟ್ಟುತ್ತಿಲ್ಲವಾದರೂ, ಏಕೆ ಕಟ್ಟುತ್ತಿಲ್ಲವೆಂದು ವಿವರಣೆ ಕೋರಿ.
4) ಹಾಲಿನ ಸಹಕಾರ ಸಂಘ, ನುಗ್ಗೇಹಳ್ಳಿ: ಸೂಚನಾ ಫಲಕದಲ್ಲಿ ಪ್ರಕಟಿಸಲು.
5) ಕಛೇರಿ ಪ್ರತಿ.