ಮಗಳ ತುರುಬು ಕಟ್ಟಿದ ಮಿಸ್ತ್ರಿ

ಮೊನ್ನೆ ನನ್ನ ಮೊಮ್ಮಗಳ ಮದುವೆ ಗೊತ್ತಾಯಿತು. ಆ ಖುಷಿಯಲ್ಲಿ ಬಿಲ್ಡಿಂಗಿನ ವಾಚ್‌ಮನ್‌ಗೆ ನಾಲ್ಕು ಪೇಡೆ ತಿನ್ನಿಸಿಬಿಟ್ಟೆ. ಅವನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅವನ ಹೆಂಡತಿ ಬಂದು ಬೈದ ಮೇಲೆ ತಿಳಿಯಿತು. ಬೈಸಿಕೊಳ್ಳುವಾಗಲೂ ನಗುತ್ತಲೇ ಇದ್ದೆ. ಏನು ಮಾಡಲಿ, ಬಾಯಿ ಮುಚ್ಚಲಿಕ್ಕೇ ಬರುತ್ತಿಲ್ಲ!

ಮೊಮ್ಮಗಳು ಮೊಬೈಲಿನಲ್ಲಿ ನೂರಾರು ಮದುವಣಗಿತ್ತಿಯರ ಫೋಟೋ ತೋರಿಸಿ, ನಿಮ್ಮ ಜಮಾನಾದಲ್ಲಿ ಬ್ರೈಡಲ್ ಲುಕ್ ಅಂತ ಏನಾದರೂ ಇತ್ತಾ ಅಜ್ಜಾ ಅಂತ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಕೇಳಿದಳು. ಇತ್ತಾ ಅಂತೆ! ಅವಳ ಅವ್ವನ ಲುಕ್ಕಿಗೆ ಪ್ಲಾನ್ ಹಾಕಿದವನು ನಾನು, ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಗೌಂಡಿ ಕೆಲಸದ ಮಿಸ್ತ್ರಿ. ಆ ಪ್ಲಾನು ಹೇಗೆ ಕುಸಿಯಿತು ಅನ್ನೋದನ್ನ ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತನೇ ಇಸವಿಯ ನಂತರದ ಮಾತು. ಹುಡುಗರು ಬೆಲ್‌ಬಾಟಂ ಪ್ಯಾಂಟಿನಿಂದ ರಸ್ತೆ ಗುಡಿಸುತ್ತಾ ಹೋಗುತ್ತಿದ್ದ ಕಾಲ. ನಾವಿದ್ದದ್ದು ಮುಂಬೈಯ ಕಾಂದಿವಲಿಯಲ್ಲಿ, ವಠಾರದಂಥ ಒಂದು ಚಾಳಿನಲ್ಲಿ: ನಾನು, ಹೆಂಡತಿ ಗಂಗವ್ವ, ಒಬ್ಬಳೇ ಮಗಳು ಶಾಂತಾ. ಶಾಂತಾಳಿಗೆ ಬೊರಿವಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗನ ಸಂಬಂಧ ಬಂತು. ಅವನ ತಾಯಿ ನೀಲವ್ವ ಗದಗಿನ ಕಡೆಯಿಂದ ಹೆಣ್ಣು ನೋಡಲು ಬಂದವಳು ಮಗಳ ಮುಖ ನೋಡುವ ಮೊದಲು ಜಡೆ ನೋಡಿದಳು. ಸೊಂಟದ ಕೆಳಗೆ ಇಳಿಯುವ ಜಡೆ! ಅದನ್ನು ಕೈಯಲ್ಲಿ ಹಿಡಿದು, ತೂಕ ನೋಡುವ ಹಾಗೆ ಎತ್ತಿ ಇಳಿಸಿ, "ನಮ್ಮ ಮನಿಗೆ ಇಂಥಾ ಜಡಿ ಬಂದಿದ್ದಿಲ್ಲ ನೋಡ್ರಿ" ಅಂದಳು. ಅಲ್ಲೇ ಸಕ್ಕರೆ ಹಂಚಿದೆವು.

ಮುಂದಿನ ತಿಂಗಳೇ ಶಾಂತಾಳಿಗೆ ಟೈಫಾಯ್ಡ್ ಬಂತು. ಜೀವ ಉಳಿಯಿತು, ಜಡೆ ಉಳಿಯಲಿಲ್ಲ. ಹಣಿಗೆ ಹಾಕಿದರೆ ಹಿಡಿ ಹಿಡಿ ಕೂದಲು. ಉಳಿದದ್ದು ಹೆಗಲ ತನಕ, ಅದೂ ಇಲಿಯ ಬಾಲದಷ್ಟು. ಹುಡುಗಿ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಚಾಳಿನ ನಳಕ್ಕೆ ನೀರಿಗೆ ಹೋಗುವಾಗಲೂ ತಲೆ ತುಂಬ ಸೆರಗು.

ಬೀಗರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂತ ಗಂಗವ್ವ ಅಂದಳು. ನಾನು ಒಪ್ಪಲಿಲ್ಲ. ಜಡೆ ನೋಡಿ ಒಪ್ಪಿದವರು ಜಡೆ ಇಲ್ಲ ಅಂದರೆ ಮದುವೆ ಬಿಡುತ್ತಾರೆ. ಒಮ್ಮೆ ಬಿಟ್ಟ ಹೆಣ್ಣಿಗೆ ಇನ್ನೊಮ್ಮೆ ಯಾರು ಬರುತ್ತಾರೆ? ಅಕ್ಷತೆ ಬೀಳುವ ತನಕ ಗುಟ್ಟು ಕಾಯಬೇಕು. ಆಮೇಲೆ ಕೂದಲು ತಾನೇ ಬೆಳೆಯುತ್ತದೆ. ಕಾಯುವ ಜವಾಬ್ದಾರಿ ನನ್ನದು ಅಂತ ಎದೆ ಬಡಿದುಕೊಂಡೆ.

ಉಪಾಯ ಸಿಕ್ಕಿದ್ದು ಮಾಟುಂಗದಲ್ಲಿ. ಮದುವೆಗೆ ಹಾಲ್ ನೋಡಲು ಹೋದಾಗ ಅಲ್ಲಿ ಬೇರೆಯವರ ಮದುವೆ ನಡೆದಿತ್ತು. ಮದುಮಗಳ ತಲೆಯ ಮೇಲೆ ದೊಡ್ಡ ತುರುಬು. ಬರೇ ತುರುಬಲ್ಲ, ಒಂದೂವರೆ ಮಜಲಿಯ ಬಿಲ್ಡಿಂಗು! ಆಗ ಮುಂಬೈಯಲ್ಲಿ ಅದೇ ಫ್ಯಾಶನ್. ಹೆಂಗಸರ ತಲೆ ಎತ್ತರವಾದಷ್ಟೂ ಗೌರವ ಹೆಚ್ಚು. ನಿಂತು ನೋಡಿದೆ. ಇಷ್ಟು ಎತ್ತರ ಬರೀ ಕೂದಲಿನಿಂದ ಏಳುವುದಿಲ್ಲ, ಒಳಗೆ ಭರ್ತಿ ಇರಲೇಬೇಕು ಅಂತ ಮಿಸ್ತ್ರಿಯ ಕಣ್ಣಿಗೆ ಗೊತ್ತಾಯಿತು. ಮೇಲೆ ಬಳಿದ ಗಿಲಾಯಿ ನುಣ್ಣಗಿದ್ದರೆ ಒಳಗಿನ ಇಟ್ಟಿಗೆಯನ್ನು ಯಾರು ಕೇಳುತ್ತಾರೆ? ನಮ್ಮ ಇಡೀ ಧಂದೆ ನಿಂತದ್ದೇ ಅದರ ಮೇಲೆ.

ಮನೆಗೆ ಬಂದು ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ತುರುಬಿನ ನಕ್ಷೆ ತೆಗೆದೆ. ಎತ್ತರ ಒಂದು ಗೇಣು, ಪಾಯಾ ನಾಲ್ಕು ಬೆರಳು. ಗಂಗವ್ವ ಬಗ್ಗಿ ನೋಡಿ, "ಇದು ಮಗಳ ತಲಿನೋ, ನೀರಿನ ಟಾಕಿನೋ?" ಅಂದಳು. ಆಕೆಯ ನಾಲಗೆಯಲ್ಲಿ ಯಾವ ದೇವರು ಕೂತಿದ್ದನೋ!

ನಾವು ಗೊತ್ತುಮಾಡಿದ ಮದುವೆ ಹಾಲಿನ ಹಿಂದಿನ ಓಣಿಯಲ್ಲೇ ಫಿಲೋಮಿನಾ ಬಾಯಿ ಅನ್ನುವ ಗೋವಾದ ಹೆಂಗಸು ಮದುಮಕ್ಕಳ ಕೂದಲು ಕಟ್ಟುತ್ತಿದ್ದಳು. ಶಾಂತಾಳ ಮದುವೆಯ ದಿನ ಅವಳಿಗೆ ಮೂರು ಮದುವೆಗಳ ಕೆಲಸ. ಮುಂಜಾನೆ ಆರಕ್ಕೆ ಬಂದರೆ ಮಾತ್ರ ಆಗುತ್ತದೆ ಅಂದಳು. ಆರಕ್ಕೆ ಅಂದರೆ ಆರಕ್ಕೆ ಅಂದೆ. ಅಷ್ಟೊತ್ತಿಗೇ ಕೆಲಸ ಶುರುಮಾಡಿ ನನಗೆ ರೂಢಿಯಿತ್ತು. ಈ ಒಪ್ಪಂದ ಗಂಗವ್ವನಿಗೆ ಹೇಳಲಿಲ್ಲ. ಇಂಜಿನಿಯರು ಎಲ್ಲವನ್ನೂ ಎಲ್ಲರಿಗೂ ಹೇಳುವುದಿಲ್ಲ.

ಮದುವೆಯ ದಿನ. ಗಂಗವ್ವ ನೆಂಟರ ಜೊತೆ ಹಿಂದಿನ ದಿನವೇ ಹಾಲ್ ಸೇರಿದ್ದಳು. ನಾನು, ಶಾಂತಾ ಮುಂಜಾನೆಯ ಲೋಕಲ್ ಹಿಡಿದೆವು. ನನ್ನ ಕಾಲಲ್ಲಿ ಜೀವನದ ಮೊದಲ ಬೂಟು, ಮೊದಲ ಕಪ್ಪು ಕಾಲುಚೀಲ. ಅಂಧೇರಿ ದಾಟಿದ ಮೇಲೆ ಶಾಂತಾ ಮೆಲ್ಲಗೆ, "ಅಪ್ಪಾ, ಎಂಟಕ್ಕ ಸುರಗಿ ಐತಲ್ಲ" ಅಂದಳು.

"ಐತಿ. ನಿನ್ನ ತಲಿ ಏಳೂವರಿಗೆ ಮುಗೀತೈತಿ. ಅರ್ಧಾ ತಾಸು ಕೈಯಾಗ."

ಅವಳು ಇನ್ನೇನೋ ಹೇಳಲು ಬಾಯಿ ತೆಗೆದಳು. ಟೈಮಿನ ಲೆಕ್ಕ ಅಷ್ಟು ಪಕ್ಕಾ ಇರುವಾಗ ಇನ್ನೇನು ಕೇಳುವುದು ಅಂತ ಕೈ ಅಡ್ಡ ಮಾಡಿದೆ.

ಫಿಲೋಮಿನಾ ಬಾಯಿ ಶಾಂತಾಳನ್ನು ಆಳೆತ್ತರದ ಕನ್ನಡಿಯ ಮುಂದೆ ಕೂರಿಸಿ, ಸೆರಗು ಸರಿಸಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಭರ್ತಿಗೆ ಇಡುವ ನೈಲಾನ್ ಜಾಳಿಗೆಗಳು ಮೊದಲು ಬಂದ ಮದುಮಗಳ ತಲೆ ಸೇರಿದ್ದವು. ಅವಳ ಹತ್ತಿರ ಉಳಿದದ್ದು ಹತ್ತಿಯ ಒಂದು ದೊಡ್ಡ ಸುರುಳಿ. ಹತ್ತಿ ಬೆಳ್ಳಗೆ ಕಾಣುತ್ತದೆ, ಕಪ್ಪು ಚೀಲ ಏನಾದರೂ ಬೇಕು ಅಂದಳು. ಆಗ ನನ್ನ ಕಣ್ಣು ನನ್ನ ಕಾಲಿನ ಕಡೆ ಹೋಯಿತು.

ಹೊಸದು. ಕಾಂದಿವಲಿಯಿಂದ ಮಾಟುಂಗಕ್ಕೆ ಮಾತ್ರ ಹಾಕಿದ್ದು. ಎಡಗಾಲಿನದು ಬಿಚ್ಚಿ ಕೊಟ್ಟೆ!

ಹತ್ತಿ ತುಂಬಿದ ಕಾಲುಚೀಲ ನೆತ್ತಿಯ ಮೇಲೆ ಕೂತಿತು. ಅದರ ಸುತ್ತ ಇದ್ದ ಕೂದಲನ್ನೇ ತೆಳ್ಳಗೆ ಹರಡಿ, ಪಿನ್ನು ಚುಚ್ಚಿ, ಮೇಲೆ ಮಲ್ಲಿಗೆಯ ಸರ ಸುತ್ತಿದಳು. ಸತ್ಯವಾಗಿ ಹೇಳುತ್ತೇನೆ, ನಾನು ಕಟ್ಟಿದ ಯಾವ ಬಿಲ್ಡಿಂಗೂ ಅಷ್ಟು ಚೆಂದ ನಿಂತಿರಲಿಲ್ಲ. ಶಾಂತಾ ಎರಡು ತಿಂಗಳ ಮೇಲೆ ಮೊದಲ ಸಲ ಕನ್ನಡಿ ನೋಡಿದಳು. ನೋಡಿ ನಕ್ಕಳು. ನಾನು ಹೊರಗೆ ಹೋಗಿ ಓಣಿಯಲ್ಲಿ ನಿಂತೆ. ಕಣ್ಣಿಗೆ ಧೂಳು ಬಿದ್ದಿತ್ತು. ಅವತ್ತು ಮಾಟುಂಗದಲ್ಲಿ ಬಹಳ ಧೂಳು.

ಹಾಲಿನ ಬಾಗಿಲಲ್ಲಿ ಗಂಗವ್ವ ನಮ್ಮನ್ನು ನೋಡಿದವಳೇ ಬಾಯಿ ತೆರೆದು ನಿಂತಳು. ಹೊಗಳಿಕೆಗೆ ಮಾತು ಸಿಗುತ್ತಿಲ್ಲ ಅಂದುಕೊಂಡೆ. ಅವಳು ಹಿಂದೆ ಕೈ ತೋರಿಸಿದಳು. ಅಲ್ಲಿ ನಾಲ್ಕು ಮೂಲೆಗೆ ನಾಲ್ಕು ಬಿಂದಿಗೆ. ಬಿಂದಿಗೆಯಿಂದ ಬಿಂದಿಗೆಗೆ ಸುತ್ತಿದ ಬಿಳಿ ನೂಲು. ನಡುವೆ ಎರಡು ಮಣೆ. ಪಕ್ಕದಲ್ಲಿ ತಂಬಿಗೆ ಹಿಡಿದ ಐದು ಜನ ಮುತ್ತೈದೆಯರು.

ಸುರಗಿ ಅಂದರೆ ಸ್ನಾನ. ಮದುಮಕ್ಕಳನ್ನು ಆ ನೂಲಿನ ಚೌಕದೊಳಗೆ ಕೂರಿಸಿ, ಅರಿಷಿಣ ಹಚ್ಚಿ, ತಲೆಯ ಮೇಲೆ ನೀರು ಹಾಕುವುದು. ನನ್ನ ಅಪ್ಪನಿಗೆ ಹಾಕಿದ್ದರು, ನನಗೆ ಹಾಕಿದ್ದರು. ನಮ್ಮ ಕಡೆ ಹುಟ್ಟಿದ ಯಾವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಫ್ಯಾಶನ್ ಒಂದು ಕೋಣೆಯಲ್ಲಿ, ಶಾಸ್ತ್ರ ಇನ್ನೊಂದು ಕೋಣೆಯಲ್ಲಿ ಇದ್ದವು. ನಡುವೆ ಬಾಗಿಲು ಇಡುವುದನ್ನು ಮಿಸ್ತ್ರಿ ಮರೆತಿದ್ದ.

ಶಾಸ್ತ್ರಕ್ಕೆ ನಾಲ್ಕು ಹನಿ ಸಿಂಪಡಿಸಿದರೆ ಸಾಲದೇ ಅಂತ ಕೇಳಿದೆ. ನೀಲವ್ವನ ನಾದಿನಿ ಒಬ್ಬ ಮುದುಕಿ, "ಏನ್ರೀ, ಹತ್ತಿ ಹೊಲಕ್ಕ ಹುಳದ ಎಣ್ಣಿ ಹೊಡಿತೀರೇನು?" ಅಂದಳು. ಹತ್ತಿ ಅಂದ ಕೂಡಲೇ ಗುಟ್ಟು ಗೊತ್ತಾಗಿಬಿಟ್ಟಿತೇನೋ ಅಂದುಕೊಂಡೆ. ಅಡಿಗೆಮನೆಗೆ ಓಡಿ ಸಕ್ಕರೆ ಚೀಲದ ಒಳಗಿದ್ದ ಪ್ಲಾಸ್ಟಿಕ್ ತಂದೆ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದ ಹಾಗೆ ಮದುಮಗಳಿಗೆ ಕಟ್ಟುತ್ತೀರೇನು ಅಂತ ಆ ಮುದುಕಿ ಅದನ್ನೂ ಕಿತ್ತುಕೊಂಡಳು.

ಮೊದಲ ತಂಬಿಗೆ ಬಿತ್ತು. ಒಂದು ಹನಿ ಕೆಳಗೆ ಇಳಿಯಲಿಲ್ಲ! ಎರಡನೆಯದೂ ಮಾಯ. ಮೂರನೆಯದೂ ಮಾಯ. ಮುತ್ತೈದೆಯರು ತಂಬಿಗೆಯ ಒಳಗೆ ಬಗ್ಗಿ ನೋಡಿಕೊಂಡರು. ನಾಲ್ಕನೆಯದಕ್ಕೆ ತುರುಬು ಎಡಕ್ಕೆ ವಾಲಿತು. ಪಕ್ಕದಲ್ಲಿ ಕೂತಿದ್ದ ಅಳಿಯ, ಬಂಗಾರದಂಥ ಹುಡುಗ, ಕೈ ಎತ್ತಿ, ವಾಲಿದ ಗೋಡೆಗೆ ಕೊಟ್ಟ ಹಾಗೆ ಟೇಕು ಕೊಟ್ಟ. ಐದನೆಯದು ಬಿದ್ದ ಮೇಲೆ ಕಾಲುಚೀಲ ಬಣ್ಣ ಬಿಟ್ಟಿತು. ಅರಿಷಿಣದ ಮುಖದ ಮೇಲೆ ಕಪ್ಪು ನೀರು ಮೂರು ಕಾಲುವೆಯಾಗಿ ಇಳಿಯಿತು.

ನೀಲವ್ವ ಮುಂದೆ ಬಂದಳು. ಪಿನ್ನು ತೆಗೆದು ಮೆಲ್ಲಗೆ ಎಳೆದಳು. ಎಳೆದಷ್ಟೂ ಬಂತು. ಕೊನೆಗೆ ಕಾಲ್ಬೆರಳು ಕೂರುವ ತುದಿ ಹಿಡಿದು ಮೇಲೆತ್ತಿದಾಗ ಇಡೀ ಹಾಲಿಗೆ ಅದು ಏನು ಅಂತ ಕಂಡಿತು. ಮುದುಕಿಯ ಕಣ್ಣು ನೇರ ಬೂಟು ಬಿಚ್ಚಿದ ನನ್ನ ಕಾಲಿಗೆ ಬಂತು. ನಾನು ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡು, ಕೊಕ್ಕರೆಯ ಹಾಗೆ ನಿಂತೆ.

ಶಾಂತಾ ತಲೆ ತಗ್ಗಿಸಿದ್ದಳು. ಹೆಗಲ ಮೇಲೆ ಒದ್ದೆ ಇಲಿಬಾಲ. ನಾನು ಕೈ ಮುಗಿದೆ.

"ತಪ್ಪು ನಂದು, ಅವ್ವಾರ. ಹುಡುಗಿಗೆ ಜ್ವರ ಬಂದು ಜಡಿ ಹೋತು. ನಾನ ಮುಚ್ಚಿಟ್ಟೆ. ಮದುವಿ ಮುರೀಬ್ಯಾಡ್ರಿ."

"ಗೊತ್ತೈತ್ರಿ," ಅಂದಳು ನೀಲವ್ವ. "ಜ್ವರ ಬಿಟ್ಟ ಕೂಡ್ಲೆ ನಿಮ್ಮ ಮಗಳು ನನಗ ಕಾಗದ ಬರದಾಳ. ಕಾಲುಚೀಲದ ಸುದ್ದಿ ಮಾತ್ರ ಬರದಿದ್ದಿಲ್ಲ."

ತನ್ನ ಟ್ರಂಕು ತರಿಸಿ ಒಂದು ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಮಾರುದ್ದದ ಸವರ. ಹರೆಯದಲ್ಲಿ ಹಣಿಗೆಗೆ ಬಂದ ತನ್ನದೇ ಕೂದಲನ್ನು ವರ್ಷಗಟ್ಟಲೆ ಕೂಡಿಸಿ ಕಟ್ಟಿಸಿದ್ದಂತೆ. ಸೊಸೆಯ ತಲೆ ಒರೆಸಿ, ಸವರ ಸೇರಿಸಿ ತಾನೇ ಜಡೆ ಹೆಣೆದಳು. ಮೇಲೆ ಹೂವು ಬಂತು, ಹಣೆಗೆ ಬಾಸಿಂಗ ಬಂತು. ಹೇಳಿದ ಹೊತ್ತಿಗೆ ಅಕ್ಷತೆ ಬಿತ್ತು. ಆ ಜಡೆಯಲ್ಲಿ ಮಗಳು ಎಷ್ಟು ಚೆಂದ ಕಾಣುತ್ತಿದ್ದಳು ಅಂದರೆ, ನನ್ನ ಒಂದೂವರೆ ಮಜಲಿ ಯಾರಿಗೂ ನೆನಪಾಗಲಿಲ್ಲ.

ಊಟದ ಪಂಕ್ತಿಯಲ್ಲಿ ಗಂಗವ್ವನನ್ನು ಹಿಡಿದೆ. ಕಾಗದದ ಸಂಗತಿ ಅವಳಿಗೂ ಗೊತ್ತಿತ್ತು. ಡಬ್ಬಿಗೆ ಹಾಕಿದವಳೇ ಅವಳು! ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಂದೆ.

"ಎರಡು ಸಲ ಹೇಳಾಕ ಬಂದೆ. ಎರಡೂ ಸಲ ನಕ್ಷೆ ತೋರ್ಸಾಕ ಕುಂತ್ರಿ. ಮಗಳು ಜ್ವರ ಬಂದು ಮಲಗಿದಾಗಿಂದ ನಿಮ್ಮ ಮುಖದಾಗ ಕಳಿ ಇದ್ದಿಲ್ಲ. ಪೆನ್ಸಿಲ್ ಹಿಡದ್ಮ್ಯಾಲೆ ಬಂತು. ಇರಲಿ ಬಿಡವಾ ಅಂದ್ಲು ಶಾಂತಾ."

ಅಂದರೆ ಆ ಗುಟ್ಟು ಗುಟ್ಟಲ್ಲ ಅಂತ ತಿಳಿಯದೇ ಇದ್ದವನು ಅದನ್ನು ಕಾಯುತ್ತಿದ್ದವನೊಬ್ಬನೇ. ಆದರೂ ನನಗೆ ಒಂದು ಸಮಾಧಾನ ಉಳಿದಿತ್ತು. ಗಂಡನ ಮನೆಗೆ ಹೊರಡುವ ಮುಂದೆ ಕಾಲಿಗೆ ಬಿದ್ದ ಮಗಳನ್ನು ಎತ್ತಿ, ಏನಾದರೂ ಆಗಲಿ, ಫಿಲೋಮಿನಾ ಬಾಯಿಯ ಕನ್ನಡಿಯಲ್ಲಿ ಆ ತುರುಬು ನೋಡಿ ನೀ ನಕ್ಕಿದ್ದು ಖರೇ ಹೌದಲ್ಲ ಅಂದೆ.

ಶಾಂತಾ ಕಣ್ಣು ಒರೆಸಿಕೊಂಡಳು.

"ತುರುಬು ಎಲ್ಲಿ ನೋಡಿದ್ನೆಪ್ಪಾ. ಕನ್ನಡ್ಯಾಗ ನನ್ನ ಹಿಂದ ನೀ ಕಾಣಿಸ್ತಿದ್ದಿ. ಒಂದ ಕಾಲುಚೀಲ ಹಾಕ್ಕೊಂಡು, ಮಂತ್ರಿ ನಿಂತಂಗ ನಿಂತಿದ್ದಿ."