ಬೆತ್ತದ ಕುರ್ಚಿಗೆ ಇಟ್ಟ ಗುರಿ

ಮನೆಯ ಮುಚ್ಚಳಗಳನ್ನು ಎಷ್ಟು ಬಿಗಿಯಬೇಕು ಎಂಬ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದ ಸಂಸಾರವನ್ನು ನಾನು ಇನ್ನೂ ಕಂಡಿಲ್ಲ. ನನ್ನ ಹೆಂಡತಿ ಪಾರ್ವತಮ್ಮನಿಗೆ ತಿರುಗುವ ವಸ್ತು ಯಾವುದು ಕಂಡರೂ ಅದು ಇನ್ನು ತಿರುಗದ ಹಾಗೆ ಮಾಡಿದರೇ ಸಮಾಧಾನ. ಉಪ್ಪಿನಕಾಯಿ ಜಾಡಿ, ಫ್ಲಾಸ್ಕು, ಬಚ್ಚಲ ನಲ್ಲಿ, ನನ್ನ ತಲೆಗೆಣ್ಣೆಯ ಬಾಟಲಿ, ಎಲ್ಲಕ್ಕೂ ಒಂದೇ ನ್ಯಾಯ. ನಲ್ಲಿಯ ವಾಷರ್ ಬದಲಾಯಿಸಲು ಬರುವ ಪ್ಲಂಬರ್ ನಮ್ಮ ಮನೆಗೆ ನೆಂಟನೇ ಆಗಿಬಿಟ್ಟಿದ್ದಾನೆ. ಬಂದವನು ಮೊದಲು ಕಾಫಿ ಕುಡಿದು, ಮಕ್ಕಳ ವಿಚಾರ ಮಾತಾಡಿ, ಆಮೇಲೆ ಯಾವ ನಲ್ಲಿ ಎಂದು ಕೇಳುತ್ತಾನೆ. ನಾನು ಏನಾದರೂ ಹೇಳಹೋದರೆ ಪಾರ್ವತಮ್ಮನ ಉತ್ತರ ಸಿದ್ಧವಾಗಿರುತ್ತದೆ: "ಭದ್ರವಾಗಿದ್ರೆ ನಿಮ್ಗೇನ್ರೀ ನಷ್ಟ?" ನಷ್ಟ ಏನೆಂಬುದು ನನಗೆ ತಿಳಿದದ್ದು ಹೋದ ವರ್ಷದ ವಿಜಯದಶಮಿಯಂದು.

ನಾನು ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತನಾದವನು. ಹೊಸದಾಗಿ ಸೇರಿದ ಹುಡುಗರಿಗೆ ಗುರಿ ಹಿಡಿಯುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಚಾಮರಾಜನಗರಕ್ಕೆ ಬಂದು ಮನೆ ಕಟ್ಟಿಕೊಂಡ ಮೇಲೂ ಬೆಳಕು ಹರಿಯುವ ಮುನ್ನ ಏಳುತ್ತೇನೆ, ಹಾಸಿಗೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತೇನೆ, ಚಪ್ಪಲಿಗಳನ್ನು ಬಾಗಿಲಿಗೆ ಎದುರಾಗಿ ಸಾಲಾಗಿ ನಿಲ್ಲಿಸುತ್ತೇನೆ. ಬಂದವರ ಚಪ್ಪಲಿಗಳನ್ನೂ ನಿಲ್ಲಿಸುತ್ತೇನೆ. ಕೆಲವರು ಇದರಿಂದಲೇ ಬರುವುದನ್ನು ಬಿಟ್ಟಿದ್ದಾರೆಂದು ಪಾರ್ವತಮ್ಮ ಹೇಳುತ್ತಾಳೆ. ಅದನ್ನು ನಾನು ನಂಬುವುದಿಲ್ಲ. ಹಳೆಯ ಕೈಚಳಕ ಮರೆಯಬಾರದೆಂದು ಒಂದು ಏರ್ ಗನ್ ಕೊಂಡಿದ್ದೇನೆ. ಅದರ ಬೆನ್ನಿನ ಮೇಲೆ ಒಂದು ಒಳ್ಳೆಯ ಸ್ಕೋಪು ಕೂರಿಸಿದ್ದೇನೆ. ಬಂದೂಕಿಗಿಂತ ಸ್ಕೋಪಿನ ಬೆಲೆ ಹೆಚ್ಚು ಎಂಬ ಸಂಗತಿ ನನಗೆ ಮತ್ತು ಅಂಗಡಿಯವನಿಗೆ ಮಾತ್ರ ಗೊತ್ತು.

ಈ ಸ್ಕೋಪಿನೊಳಗೆ ಕಣ್ಣಿಟ್ಟರೆ ಒಂದು ಉದ್ದಗೆರೆ, ಒಂದು ಅಡ್ಡಗೆರೆ, ಗೆರೆಗಳ ಮೇಲೆ ಸಮ ಅಂತರದಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. ಇದಕ್ಕೆ ರೆಟಿಕಲ್ ಎನ್ನುತ್ತಾರೆ. ಪಾರ್ವತಮ್ಮ ಒಮ್ಮೆ ನೋಡಿ, "ಅಯ್ಯೋ, ಚುಕ್ಕಿ ಇಟ್ಟು ರಂಗೋಲಿ ಅರ್ಧಕ್ಕೇ ಬುಟ್ಟವ್ರಲ್ರೀ" ಎಂದಳು. ಅರ್ಧಕ್ಕೆ ಬಿಟ್ಟದ್ದಲ್ಲ. ಗುರಿಯ ವಸ್ತು ಎಷ್ಟು ದೊಡ್ಡದೆಂದು ಗೊತ್ತಿದ್ದರೆ, ಅದು ಎಷ್ಟು ಚುಕ್ಕಿಗಳ ನಡುವೆ ಹಿಡಿಯುತ್ತದೆ ಎಂದು ನೋಡಿ ದೂರ ಹೇಳಬಹುದು. ದೂರ ತಿಳಿದರೆ ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂದು ತಿಳಿಯುತ್ತದೆ. ಆಗ ಗೆರೆಗಳೆರಡೂ ಸೇರುವ ನಡುವಿನ ಕೂಡುಗೆರೆಯನ್ನು ಬಿಟ್ಟು ಅದರ ಕೆಳಗಿನ ಒಂದು ಚುಕ್ಕಿಯನ್ನು ಗುರಿಯ ಮೇಲಿಟ್ಟು ಹೊಡೆಯಬೇಕು. ಬಂದೂಕಿನ ಮೂತಿ ಅಷ್ಟು ಮೇಲೇಳುತ್ತದೆ, ಗುಂಡು ಬಾಗಿ ಬಂದು ಸರಿಯಾದ ಜಾಗಕ್ಕೆ ಬೀಳುತ್ತದೆ. ಆದರೆ ಇಷ್ಟಕ್ಕೂ ಬುಡ ಒಂದಿದೆ. ಒಂದು ಗೊತ್ತಾದ ದೂರಕ್ಕೆ ಗುಂಡು ಕೂಡುಗೆರೆಗೇ ಬೀಳುವ ಹಾಗೆ ಸ್ಕೋಪಿನ ನೆತ್ತಿಯ ಮೇಲೊಂದು, ಪಕ್ಕದಲ್ಲೊಂದು ಇರುವ ತಿರುಪುಗಳನ್ನು ಮೊದಲೇ ಹೊಂದಿಸಿರಬೇಕು. ಅದನ್ನು ಜೀರೋ ಮಾಡುವುದು ಎನ್ನುತ್ತೇವೆ. ಜೀರೋ ತಪ್ಪಿದರೆ ಮಿಕ್ಕ ಲೆಕ್ಕವೆಲ್ಲ ಗಾಳಿಗೆ. ತಿರುಪುಗಳಿಗೆ ಪುಟ್ಟ ಮುಚ್ಚಳಗಳೂ ಇರುತ್ತವೆ. ಪ್ರತಿ ಸಲ ಬಿಚ್ಚಿ ಹಾಕುವುದು ರೇಜಿಗೆಯೆಂದು ನಾನು ಅವನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ.

ಇನ್ನು ಕುರ್ಚಿಯ ವಿಷಯ. ಗುಂಡ್ಲುಪೇಟೆಯ ರಹಮತ್ ಸಾಬರು ಕುರ್ಚಿ ಮೇಜು ಮಾಡುವವರು, ನನ್ನ ಸ್ನೇಹಿತರು. ಅವರ ಅಂಗಡಿಯ ಮುಂದಿನ ಜಗಲಿಯಲ್ಲಿ ಅವರೇ ಹೆಣೆದ ಒಂದು ಬೆತ್ತದ ಕುರ್ಚಿಯಿದೆ. ಕೂತರೆ ಬೆನ್ನು ತಾನಾಗಿ ಹೋಗಿ ಒರಗುತ್ತದೆ, ಕೈ ತಾನಾಗಿ ಹಿಡಿಯ ಮೇಲೆ ಬೀಳುತ್ತದೆ, ದೇಶದ ಸಮಸ್ಯೆಗಳೆಲ್ಲ ಸುಲಭವಾಗಿ ಕಾಣುತ್ತವೆ. ಭಾನುವಾರ ಅಲ್ಲಿ ನಾವು ಮೂವರು ಸೇರುತ್ತೇವೆ: ನಾನು, ಸಾಬರು, ಹಂಗಳದ ಗುರುಮಲ್ಲಪ್ಪ. ಗುರುಮಲ್ಲಪ್ಪ ನನ್ನ ಜೊತೆ ಸ್ಕೂಲಿನಲ್ಲಿ ಓದಿದವನು, ಈಗ ಊರಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಕುರ್ಚಿ ಒಂದೇ, ಉಳಿದವು ಪ್ಲಾಸ್ಟಿಕ್ ಸ್ಟೂಲು. ಯಾರು ಕೂರಬೇಕೆಂಬ ಜಗಳ ತೀರಲೆಂದು ಪ್ರತಿ ವಿಜಯದಶಮಿಗೆ ಗುರುಮಲ್ಲಪ್ಪನ ಹೊಲದಲ್ಲಿ ಗುರಿಯ ಪಂದ್ಯವಿಟ್ಟುಕೊಂಡಿದ್ದೇವೆ. ಹುಣಸೆ ಕೊಂಬೆಗೆ ನೇತುಹಾಕಿದ ತೆಂಗಿನ ಕರಟಕ್ಕೆ ಅವರವರ ಏರ್ ಗನ್ನಿನಿಂದ ತಲಾ ಮೂರು ಗುಂಡು. ಗೆದ್ದವನಿಗೆ ವರ್ಷವಿಡೀ ಕುರ್ಚಿ. ಶುರುವಾದಾಗಿನಿಂದ ಅದು ನನ್ನದೇ ಆಗಿತ್ತು. ಸೊಂಟ ನೋವಿನ ಮನುಷ್ಯನಿಗೆ ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ.

ಹೋದ ವರ್ಷ ಆಯುಧಪೂಜೆಯ ದಿನ ಪಾರ್ವತಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲವನ್ನೂ ಒರೆಸಿ ಪೂಜೆಗಿಟ್ಟಳು. ಬಂದೂಕನ್ನೂ ಇಟ್ಟಳು. ಸ್ಕೋಪಿನ ಕೊಳವೆಗೆ ಮೂರು ಬೆರಳಿನ ವಿಭೂತಿ, ತಿರುಪುಗಳ ಸುತ್ತಲೂ ವಿಭೂತಿ, ನೆತ್ತಿಯ ಮೇಲೆ ಕುಂಕುಮ, ಅದರ ಮೇಲೊಂದು ಸೇವಂತಿಗೆ. ಮಾರನೆಯ ಬೆಳಿಗ್ಗೆ ಹೊರಡುವಾಗ ತಿರುಪಿನ ಅಂಕಿಗಳು ವಿಭೂತಿಯ ಕೆಳಗೆ ಮುಚ್ಚಿಹೋಗಿದ್ದುದನ್ನು ನೋಡಿದೆ. ಒರೆಸಲೇ ಎಂದು ಬೆರಳೆತ್ತಿದೆ. "ಹಬ್ಬದ ದಿನ ಪೂಜೆ ಅಳಿಸ್ತಾರೇನ್ರೀ?" ಎಂದು ಅಡುಗೆಮನೆಯಿಂದಲೇ ಕೂಗಿದಳು. ಗೋಡೆಯ ಆಚೆಯಿಂದ ನನ್ನ ಬೆರಳು ಅವಳಿಗೆ ಹೇಗೆ ಕಾಣುತ್ತದೋ, ಅವಳ ಕಣ್ಣಿನ ಆ ಸ್ಕೋಪು ಯಾವ ಕಂಪನಿಯದೋ ನನಗೆ ತಿಳಿಯದು. ಬೆರಳಿಳಿಸಿದೆ.

ಹಂಗಳದಲ್ಲಿ ಗುರುಮಲ್ಲಪ್ಪನ ಚೆಂಡುಹೂವಿನ ಹೊಲ ಹಳದಿ ಬಣ್ಣ ಚೆಲ್ಲಿದಂತಿತ್ತು. ಹುಣಸೆಮರ ಹೊಲದ ಆ ತುದಿಗೆ, ಅದರ ಹಿಂದೆ ಎತ್ತರದ ಮಣ್ಣಿನ ಏರಿ. ನಾನು ಸ್ಕೋಪಿನಲ್ಲಿ ಕರಟವನ್ನು ಚುಕ್ಕಿಗಳ ನಡುವೆ ಅಳೆದು ದೂರ ಹೇಳಿದೆ. ಗುರುಮಲ್ಲಪ್ಪ ಹೆಜ್ಜೆ ಹಾಕಿ ಅಳೆದು ಬಂದು, "ಸರಿಯಾಗೇ ಅದ ಕನ್ಲಾ" ಎಂದ. ನನಗೆ ಎದೆಯುಬ್ಬಿತು. ರಹಮತ್ ಸಾಬರು ಮೆಲ್ಲಗೆ, "ಸಾಹೇಬ್ರೇ, ಮೊದ್ಲು ಒಂದು ಗುಂಡು ಸುಮ್ನೆ ಹೊಡ್ದು ನೋಡ್ಕೊಳ್ಳಿ. ಹೋದ್ಸಲ ನೀವೇ ನಮ್ಗೆ ಹೇಳಿಕೊಟ್ಟಿದ್ದಲ್ವಾ?" ಎಂದರು. ಆಗ ನಾನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಸಾಬರೇ, ಅದು ಕಲಿಯುವವರಿಗೆ. ನನ್ನ ಜೀರೋ ಕಲ್ಲಿನಲ್ಲಿ ಕೆತ್ತಿದ ಹಾಗೆ" ಎಂದು ನಕ್ಕು, ಎರಡನೆಯ ಚುಕ್ಕಿಯನ್ನು ಕರಟದ ಮೇಲಿಟ್ಟು, ಉಸಿರು ಹಿಡಿದು ಹೊಡೆದೆ.

ಕರಟ ಅಲ್ಲಾಡಲಿಲ್ಲ. ಅದರ ಎಡಕ್ಕೆ, ಸಾಕಷ್ಟು ಕೆಳಗೆ, ಒಂದು ಚೆಂಡುಹೂವಿನ ತಲೆ ಉದುರಿತು.

"ಯಾನ್ಲಾ ಮಾದೇವ, ಕರಟ ಅಂದ್ರ ಹೂವ ಕುಯ್ತಿದ್ದೀಯಲ್ಲ!" ಎಂದ ಗುರುಮಲ್ಲಪ್ಪ.

"ಗಾಳಿ" ಎಂದೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಎರಡನೆಯ ಗುಂಡನ್ನೂ ಅದೇ ಚುಕ್ಕಿಗೆ ಹೊಡೆದೆ. ಪಕ್ಕದ ಹೂವು ಉದುರಿತು.

"ಇನ್ನೊಂದಷ್ಟು ಉದುರ್ಸ್ಬುಡು, ಹಾರಕ್ಕಾಯ್ತದ. ಇವತ್ತು ಆಳು ಬಂದಿಲ್ಲ ಕನ" ಎಂದ ಅವನು. ಹೊಲದ ಬದುವಿನಲ್ಲಿ ಫೋಟೋ ತೆಗೆಸಿಕೊಳ್ಳಲು ನಿಂತಿದ್ದ ಕೇರಳದ ಸಂಸಾರವೊಂದು ಇದನ್ನು ಹೂ ಕೀಳುವ ನಮ್ಮೂರ ಪದ್ಧತಿಯೆಂದು ತಿಳಿದು ಮೊಬೈಲ್ ಎತ್ತಿತು.

ಆಗ ನಾನು ಹುಡುಗರಿಗೆ ಕಲಿಸುತ್ತಿದ್ದ ಪಾಠ ನನಗೇ ನೆನಪಾಯಿತು. ಗುಂಡು ಎಲ್ಲಿ ಬಿತ್ತೆಂದು ಕಂಡಿದ್ದರೆ ಮುನಿಸು ಬೇಡ, ರೆಟಿಕಲ್ಲಿನಲ್ಲೇ ಅಳೆ. ಚುಕ್ಕಿ ಇಟ್ಟ ಜಾಗದಿಂದ ಬೋಳಾದ ಹೂಗಿಡ ಎಷ್ಟು ಚುಕ್ಕಿ ಕೆಳಗೆ, ಎಷ್ಟು ಚುಕ್ಕಿ ಎಡಕ್ಕೆ ಎಂದು ಎಣಿಸಿದೆ. ಅಷ್ಟೇ ಕೆಳಗೆ, ಅಷ್ಟೇ ಎಡಕ್ಕೆ ಗೆರೆಗಳ ಮೂಲೆಯಲ್ಲಿ ಕರಟವನ್ನು ತಂದು ನಿಲ್ಲಿಸಿದೆ. ನೋಡುವವರಿಗೆ ನಾನು ಮರದ ನೆತ್ತಿಯ ಕಾಗೆಗೆ ಗುರಿಯಿಟ್ಟಂತೆ ಕಾಣುತ್ತಿತ್ತಂತೆ. ಹೊಡೆದೆ. ಟಕ್ ಎಂದು ಕರಟ ಗಿರಗಿರನೆ ಸುತ್ತಿತು. ನನ್ನ ಜೀವನದ ಅತ್ಯುತ್ತಮ ಗುಂಡು ಅದು. ಆದರೆ ಸಾಬರು ತಮ್ಮ ಸರದಿಯಲ್ಲಿ ತಮ್ಮ ಹಳೆಯ ಬಂದೂಕಿನಿಂದಲೇ ಎರಡು ಹೊಡೆದರು. ಕುರ್ಚಿ ಅದನ್ನು ಹೆಣೆದವರಿಗೇ ಹೋಯಿತು.

ಮನೆಗೆ ಬಂದು ವಿಭೂತಿ ಒರೆಸಿ ನೋಡಿದರೆ ಎರಡು ತಿರುಪುಗಳೂ ಕೊನೆಯ ತನಕ ಹೋಗಿ ನಿಂತಿದ್ದವು. "ಪಾರ್ವತಿ, ಇದನ್ನು ಮುಟ್ಟಿದೆಯಾ?"

"ಒರೆಸ್ವಾಗ ಟಿಕ್ ಟಿಕ್ ಅಂತ ಸಡಿಲಾಗಿ ತಿರುಗ್ತಿತ್ತು ಕಣ್ರೀ. ಎಲ್ಲಾದ್ರೂ ಬಿದ್ದೋದಾತು ಅಂತ ಬಿಗಿ ಮಾಡ್ಬುಟ್ಟೆ. ಯಾಕೆ, ಸರಿಯಾಗ್ಲಿಲ್ವಾ? ಇನ್ನೊಂಚೂರು ಬಿಗೀಲಾ?"

ಬೈಯಬೇಕೆಂದೇ ಬಾಯಿ ತೆರೆದೆ. ಒಂದು ಗುಂಡು ಸುಮ್ಮನೆ ಹೊಡೆದು ನೋಡಿದ್ದರೆ ಆಗುತ್ತಿತ್ತಲ್ಲವೇ ಎಂದು ಅವಳು ಕೇಳಿಯಾಳೆಂದು ಹೊಳೆಯಿತು. ಊಟಕ್ಕೆ ಬಡಿಸು ಎಂದೆ. ವರ್ಷವಿಡೀ ಸ್ಟೂಲಿನ ಮೇಲೆ ಕೂತೆ. ಒರಗಲು ಏನೂ ಇಲ್ಲದ್ದರಿಂದ ಬೆನ್ನು ಪರೇಡಿನಲ್ಲಿ ನಿಂತಂತೆ ನೆಟ್ಟಗಿರುತ್ತಿತ್ತು. ಸೊಂಟ ನೋವು ಕಡಿಮೆಯಾಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಈ ವರ್ಷ ಪಾಠ ಕಲಿತಿದ್ದೆ. ಹಬ್ಬಕ್ಕೆ ಮೊದಲೇ ಜೀರೋ ಮಾಡಿ, ಬೀರುವಿನಿಂದ ಮುಚ್ಚಳಗಳನ್ನು ತೆಗೆದು ತಿರುಪುಗಳ ಮೇಲೆ ಹಾಕಿ, ಯಾರ ಕೈಗೂ ಬಗ್ಗದ ಹಾಗೆ ಬಿಗಿದೆ. ಹೊರಡುವ ಬೆಳಿಗ್ಗೆ ತೆಗೆದು ಅಂಕಿ ನೋಡೋಣವೆಂದರೆ ಅವು ನನ್ನ ಕೈಗೂ ಬಗ್ಗಲಿಲ್ಲ. ಬಟ್ಟೆ ಹಿಡಿದು ತಿರುಗಿಸಿದೆ, ಹಲ್ಲು ಕಚ್ಚಿ ತಿರುಗಿಸಿದೆ. ಪಾರ್ವತಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಎರಡನ್ನೂ ಒಂದೊಂದೇ ತಿರುವಿಗೆ ಬಿಚ್ಚಿಟ್ಟಳು. "ಬಿಗಿಯೋಕೂ ಒಂದು ಕೈ ಬೇಕು ಕಣ್ರೀ. ಹೊಲದಲ್ಲಿ ಮತ್ತೆ ಹಿಡ್ಕಂಡ್ರೆ ಏನ್ಮಾಡ್ತೀರಿ? ತಡೀರಿ, ನಾನೂ ಬತ್ತೀನಿ."

ಹೀಗೆ ಅವಳೂ ಬಂದಳು. ಗುಂಡ್ಲುಪೇಟೆಯಲ್ಲಿ ಟೀಗೆಂದು ಸಾಬರ ಜಗಲಿಗೆ ಹೋದೆವು. ಸಾಬರು ಎದ್ದು, "ಬನ್ನಿ ಅಕ್ಕಾ, ಇಲ್ಲಿ ಕೂತ್ಕೊಳ್ಳಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ನಾವು ಹಂಗಳಕ್ಕೆ ಹೊರಟಾಗ, "ನೀವ್ ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಎಂದಳು. ಈ ಸಲ ಮೊದಲು ಒಂದು ಗುಂಡು ಸುಮ್ಮನೆ ಹೊಡೆದು ನೋಡಿದೆ. ಆಮೇಲೆ ಮೂರಕ್ಕೆ ಮೂರೂ ಕರಟಕ್ಕೆ ಬಿದ್ದವು. ಗುರುಮಲ್ಲಪ್ಪ, "ಹೋಗನ ನಡೀಲಾ, ನಿನ್ನ ಕುರ್ಚಿ ಮ್ಯಾಲೆ ಕೂತ್ಕಂಬುಡು" ಎಂದು ಬೆನ್ನು ತಟ್ಟಿದ.

ಜಗಲಿಗೆ ಬಂದರೆ ಪಾರ್ವತಮ್ಮ ಕುರ್ಚಿಗೆ ಒರಗಿ, ಕಾಲು ಚಾಚಿ, ಸಾಬರ ಮನೆಯವರ ಜೊತೆ ಮಾತಿಗೆ ಕೂತಿದ್ದಳು. ನಾನು ಗೆದ್ದೆ ಎಂದೆ. "ಒಳ್ಳೇದಾಯ್ತು ಬುಡಿ. ಈ ಕುರ್ಚಿ ಎಷ್ಟು ಚೆನ್ನಾಗದೆ ಕಣ್ರೀ! ಇನ್ಮೇಲೆ ಭಾನುವಾರ ನಾನೂ ಬತ್ತೀನಿ" ಎಂದು ಇನ್ನಷ್ಟು ಭದ್ರವಾಗಿ ಕೂತಳು. ಗುರುಮಲ್ಲಪ್ಪ ನನ್ನ ಮುಖ ನೋಡಿದ, ನಾನು ಸಾಬರ ಮುಖ ನೋಡಿದೆ, ಸಾಬರು ಆಕಾಶ ನೋಡಿದರು. ಹೊಲದ ಆಚೆ ತುದಿಯ ಕರಟಕ್ಕೆ ಎಷ್ಟು ಚುಕ್ಕಿ ಬಿಟ್ಟು ಹೊಡೆಯಬೇಕೆಂದು ಬಲ್ಲೆ. ಕೈಗೆಟುಕುವ ಕುರ್ಚಿಗೆ ಆ ಲೆಕ್ಕ ನಡೆಯುವುದಿಲ್ಲ. ಸ್ಟೂಲು ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತೆ. ಸೊಂಟಕ್ಕೂ ಅದೇ ಒಳ್ಳೆಯದು.